ಬಿಡಬೇಕೋ, ಬೇಡವೋ? ಎರಡೇ ಉತ್ತರದ ಪ್ರಶ್ನೆಯೂ ಜನಾಭಿಪ್ರಾಯವೂ: ಅಮೆರಿಕದ ಸಮೀಕ್ಷೆಗಳಿಂದ ವಿ.ಸಿ. ನಾಲೆಯ ಕೊನೆ ಭಾಗದವರೆಗೆ

ಕಾವೇರಿ ವಿವಾದದಲ್ಲಿ ಮಂಡ್ಯ ಜಿಲ್ಲೆಯ ಜನಾಭಿಪ್ರಾಯ ಏನೆಂದು ಕೇಳಿದರೆ ಬಹುತೇಕರು ಹೆದ್ದಾರಿಯ ಕಡೆ ಬೆರಳು ತೋರಿಸುತ್ತಾರೆ. ಸಂಜಯ ವೃತ್ತದ ರಸ್ತೆ ತಡೆ, ಸರ್.ಎಂ.ವಿ. ಪ್ರತಿಮೆಯ ಮುಂದಿನ ಧರಣಿ, ಬಂದ್ ದಿನ ಬಾಗಿಲು ಮುಚ್ಚಿದ ಮದ್ದೂರು ಪೇಟೆ, ಇವೇ ಸಾಕ್ಷ್ಯ. ಟಿ.ವಿ. ಮೈಕು ಮುಂದೆ ಬಂದಾಗ ಪ್ರಶ್ನೆಯೂ ಒಂದೇ: ತಮಿಳುನಾಡಿಗೆ ನೀರು ಬಿಡಬೇಕೋ, ಬೇಡವೋ? ಬೇಡ ಎಂಬ ಉತ್ತರ ಸಿಗುತ್ತದೆ. ಆ ಉತ್ತರದಿಂದ ಕನ್ನಡಿಗರು ತಮಿಳರನ್ನು ಹೇಗೆ ಕಾಣುತ್ತಾರೆಂಬ ತೀರ್ಮಾನಕ್ಕೆ ನೇರವಾಗಿ ಜಿಗಿಯುವುದು ರೂಢಿಯಾಗಿದೆ. ಈ ಜಿಗಿತ ಸರಿಯೇ ಎಂಬುದು ಇಲ್ಲಿ ನಾನು ಎತ್ತುತ್ತಿರುವ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವ ದಾರಿ ನನಗೆ ಕಂಡದ್ದು ದೂರದ ಒಂದು ವಿಷಯದಲ್ಲಿ: ಇಸ್ರೇಲಿಗಳು ಮತ್ತು ಪ್ಯಾಲೆಸ್ತೀನಿಯರ ಬಗ್ಗೆ ಅಮೆರಿಕದ ಜನರ ಅಭಿಪ್ರಾಯವನ್ನು ಅಳೆದ ರೀತಿಯಲ್ಲಿ.

ವಿವಾದದ ಇತಿಹಾಸ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬೇಗ ಮುಗಿಸುತ್ತೇನೆ. 1892 ಮತ್ತು 1924ರ ಮದರಾಸು–ಮೈಸೂರು ಒಪ್ಪಂದಗಳು, 1990ರ ಜೂನ್ 2ರಂದು ರಚನೆಯಾದ ನ್ಯಾಯಮಂಡಳಿ, 1991ರ ಜೂನ್ 25ರ 205 ಟಿ.ಎಂ.ಸಿ. ಅಡಿಯ ಮಧ್ಯಂತರ ಆದೇಶ, 2007ರ ಅಂತಿಮ ತೀರ್ಪು, 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪು, ಇಷ್ಟರಲ್ಲಿ ತಕರಾರಿಲ್ಲ. ಎಸ್. ಗುಹನ್, ರಾಮಸ್ವಾಮಿ ಅಯ್ಯರ್ ಮೊದಲಾದವರು ಕಾನೂನು ಮತ್ತು ಹಂಚಿಕೆಯ ಮಗ್ಗುಲನ್ನು ಚೆನ್ನಾಗಿ ತೆರೆದಿಟ್ಟಿದ್ದಾರೆ. ಜನರ ಮನಸ್ಸು ಎಂಬ ಮಗ್ಗುಲಿಗೆ ಅಂಥ ಎಚ್ಚರದ ಓದು ಸಿಕ್ಕಿಲ್ಲ.

ಅಮೆರಿಕದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಇಸ್ರೇಲಿಗಳು ಮತ್ತು ಪ್ಯಾಲೆಸ್ತೀನಿಯರ ಬಗ್ಗೆ ದಶಕಗಳ ಸಮೀಕ್ಷೆಗಳ ರಾಶಿಯೇ ಇದೆ. ಐಟಾನ್ ಗಿಲ್ಬೋವಾ 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆ ರಾಶಿಯನ್ನು ಒಂದೆಡೆ ಜೋಡಿಸಿ, ಇಸ್ರೇಲಿನ ಕಡೆಗೆ ಅಮೆರಿಕದ ಜನರ ಒಲವು ಗಟ್ಟಿಯಾದದ್ದು, ಬಹುಕಾಲ ಬಾಳಿದ್ದು ಎಂದು ತೋರಿಸಿದರು. ಅವರ ಶ್ರಮಕ್ಕೆ ನಾನು ಋಣಿ. ಆದರೆ ಅವರು ಬಹುಮಟ್ಟಿಗೆ ನೆಚ್ಚಿಕೊಂಡ ಅಳತೆಗೋಲಿನ ಬಗ್ಗೆ ನನ್ನ ತಕರಾರಿದೆ. ಅದು ಗ್ಯಾಲಪ್ ಸಂಸ್ಥೆಯ ‘ಸಹಾನುಭೂತಿ’ಯ ಪ್ರಶ್ನೆ: ಮಧ್ಯಪ್ರಾಚ್ಯದ ಪರಿಸ್ಥಿತಿಯಲ್ಲಿ ನಿಮ್ಮ ಸಹಾನುಭೂತಿ ಹೆಚ್ಚಾಗಿ ಇಸ್ರೇಲಿಗಳ ಕಡೆಗೋ, ಪ್ಯಾಲೆಸ್ತೀನಿಯರ ಕಡೆಗೋ? ಹಿಂದೆ ಪ್ಯಾಲೆಸ್ತೀನಿಯರ ಜಾಗದಲ್ಲಿ ‘ಅರಬ್ ರಾಷ್ಟ್ರಗಳು’ ಎಂದಿರುತ್ತಿತ್ತು. ಎರಡನೆಯ ಪಕ್ಷದ ಹೆಸರು ಬದಲಾದರೆ ಪ್ರಶ್ನೆಯೇ ಬದಲಾದಂತೆ. ಆದರೂ ಹಳೆಯ ಅಂಕಿಗಳನ್ನೂ ಹೊಸ ಅಂಕಿಗಳನ್ನೂ ಒಂದೇ ಗೆರೆಯ ಮೇಲಿಟ್ಟು ಓದುವವರಿದ್ದಾರೆ.

ಈ ಪ್ರಶ್ನೆ ಕೇಳುವವರು ಓದುವುದು ಎರಡೇ ಉತ್ತರಗಳನ್ನು. ‘ಇಬ್ಬರ ಕಡೆಗೂ’, ‘ಯಾರ ಕಡೆಗೂ ಇಲ್ಲ’ ಎಂಬ ಉತ್ತರಗಳನ್ನು ಜನರೇ ತಾವಾಗಿ ಹೇಳಿದರೆ ಮಾತ್ರ ಬರೆದುಕೊಳ್ಳುತ್ತಾರೆ. ನಮ್ಮ ಮಾತಿನಲ್ಲಿ ಇದು ‘ನೀನು ಯಾರ ಕಡೆ?’ ಎಂಬ ಪ್ರಶ್ನೆ. ಪಂಚಾಯಿತಿ ಕಟ್ಟೆಯಲ್ಲಿ ಆ ಪ್ರಶ್ನೆ ಕೇಳಿಸಿಕೊಂಡವರಿಗೆ ಗೊತ್ತು: ಅದು ಉತ್ತರ ಕೇಳುವುದಕ್ಕೆ ಮೊದಲೇ ಎದುರಿಗಿದ್ದವನನ್ನು ಒಂದು ಪಕ್ಷದಲ್ಲಿ ಕೂರಿಸಿಬಿಡುತ್ತದೆ.

2022ರಲ್ಲಿ ಈ ವಿಷಯಕ್ಕೆ ಬಹಳ ಮುಖ್ಯವಾದ ಒಂದು ಹೋಲಿಕೆ ಸಾಧ್ಯವಾಯಿತು. ಆ ವರ್ಷದ ಫೆಬ್ರವರಿಯಲ್ಲಿ ಗ್ಯಾಲಪ್ ಎಂದಿನಂತೆ ಕೇಳಿತು. ಶೇ. 55 ಮಂದಿ ಇಸ್ರೇಲಿಗಳ ಕಡೆ, ಶೇ. 26 ಮಂದಿ ಪ್ಯಾಲೆಸ್ತೀನಿಯರ ಕಡೆ ಎಂದರು. ಮರು ತಿಂಗಳೇ ಪ್ಯೂ ಸಂಶೋಧನಾ ಕೇಂದ್ರ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಬೇರೆ ರೀತಿಯಲ್ಲಿ ಕೇಳಿತು. ಇಸ್ರೇಲಿ ಜನ, ಪ್ಯಾಲೆಸ್ತೀನಿ ಜನ, ಇಸ್ರೇಲ್ ಸರ್ಕಾರ, ಪ್ಯಾಲೆಸ್ತೀನಿ ಸರ್ಕಾರ, ಈ ನಾಲ್ಕರ ಬಗ್ಗೆಯೂ ಒಂದೊಂದಾಗಿ ನಿಮ್ಮ ಅಭಿಪ್ರಾಯ ಒಳ್ಳೆಯದೋ ಅಲ್ಲವೋ ಎಂದಿತು. ಇಸ್ರೇಲಿ ಜನರ ಬಗ್ಗೆ ಒಳ್ಳೆಯ ಅಭಿಪ್ರಾಯ ಶೇ. 67, ಪ್ಯಾಲೆಸ್ತೀನಿ ಜನರ ಬಗ್ಗೆ ಶೇ. 52. ಸರ್ಕಾರಗಳಿಗೆ ಬಂದರೆ 48 ಮತ್ತು 28. ಎರಡೂ ಜನರನ್ನು ಒಟ್ಟಿಗೆ ಮೆಚ್ಚಿದವರು ಶೇ. 42.

ಈ 42ರ ಮೇಲೆಯೇ ನನ್ನ ವಾದ ನಿಂತಿದೆ. ಪ್ಯೂ ಲೆಕ್ಕದಲ್ಲಿ ಇಸ್ರೇಲಿ ಜನರನ್ನು ಮಾತ್ರ ಮೆಚ್ಚಿದವರು 25, ಪ್ಯಾಲೆಸ್ತೀನಿ ಜನರನ್ನು ಮಾತ್ರ ಮೆಚ್ಚಿದವರು 10. ಗ್ಯಾಲಪ್ ಲೆಕ್ಕದ 55 ಮುಟ್ಟಬೇಕಾದರೆ ಮೊದಲನೆಯದಕ್ಕೆ ಇನ್ನೂ 30 ಸೇರಬೇಕು, 26 ಮುಟ್ಟಬೇಕಾದರೆ ಎರಡನೆಯದಕ್ಕೆ 16 ಸೇರಬೇಕು. ಒಟ್ಟು 46. ಇಬ್ಬರನ್ನೂ ಮೆಚ್ಚಿದವರ 42ಕ್ಕೆ ಇದು ಎಷ್ಟು ಹತ್ತಿರ ಎಂಬುದನ್ನು ಗಮನಿಸಬೇಕು. ಇಬ್ಬರ ಬಗ್ಗೆಯೂ ಒಳ್ಳೆಯ ಭಾವನೆ ಇದ್ದವರೇ ‘ಯಾರ ಕಡೆ’ ಎಂದಾಗ ಹೆಚ್ಚುಕಡಿಮೆ ಎರಡು ಪಾಲಾಗಿ ಹಂಚಿಹೋಗಿರಬಹುದು, ಆಮೇಲೆ ನಾವು ಅವರನ್ನು ಎದುರು ಪಕ್ಷಗಳೆಂದು ಓದುತ್ತಿರಬಹುದು ಎಂಬುದು ನನ್ನ ಊಹೆ.

ಊಹೆ ಎಂದೇ ಹೇಳುತ್ತೇನೆ, ಕಾರಣ ಅಡ್ಡಿಗಳು ಅನೇಕ. ಎರಡೂ ಸಮೀಕ್ಷೆಗಳಲ್ಲಿ ಉತ್ತರಿಸಿದವರು ಬೇರೆ ಬೇರೆ ಜನ. ಒಂದು ದೂರವಾಣಿಯಲ್ಲಿ ನಡೆದದ್ದು, ಇನ್ನೊಂದು ಅಂತರಜಾಲದ ಮೂಲಕ. ಮನುಷ್ಯನ ದನಿಗೆ ಕೊಡುವ ಉತ್ತರವೂ ಪರದೆಗೆ ಕೊಡುವ ಉತ್ತರವೂ ಒಂದೇ ಆಗಿರಬೇಕಿಲ್ಲ. ಸಹಾನುಭೂತಿ ಎಂಬುದೂ ಒಳ್ಳೆಯ ಅಭಿಪ್ರಾಯ ಎಂಬುದೂ ಒಂದಲ್ಲ; ಮೆಚ್ಚದವನ ಕಷ್ಟಕ್ಕೂ ಮರುಗಬಹುದು. ಗ್ಯಾಲಪ್ ಕೇಳಿದ್ದು ‘ಪರಿಸ್ಥಿತಿ’ಯ ಬಗ್ಗೆ, ಪ್ಯೂ ಕೇಳಿದ್ದು ‘ಜನ’ರ ಬಗ್ಗೆ. ಇಬ್ಬರನ್ನೂ ಮೆಚ್ಚದ ಕೆಲವರೂ ಗ್ಯಾಲಪ್‌ಗೆ ಒಂದು ಕಡೆಯನ್ನು ಆರಿಸಿ ಹೇಳಿರಲೇಬೇಕು. ಇಷ್ಟೆಲ್ಲ ಕಳೆದರೂ ಒಂದು ಮಾತು ಉಳಿಯುತ್ತದೆಂದು ನನ್ನ ನಂಬಿಕೆ: ಒಂದು ಕಡೆಗಿರುವ ಒಲವನ್ನು ಇನ್ನೊಂದು ಕಡೆಯ ಮೇಲಿನ ಹಗೆ ಎಂದು ಓದಲು ಸಹಾನುಭೂತಿಯ ಪ್ರಶ್ನೆ ನಮಗೆ ಅಧಿಕಾರ ಕೊಡುವುದಿಲ್ಲ. ಗಾಜಾ ಯುದ್ಧ ನಡೆದು 2025ರ ಫೆಬ್ರವರಿ ಹೊತ್ತಿಗೆ ಗ್ಯಾಲಪ್ ಅಂಕಿಗಳು 46 ಮತ್ತು 33ಕ್ಕೆ ಬಂದವು. ಒಂದು ಇಳಿದು ಇನ್ನೊಂದು ಏರಿದ್ದರಲ್ಲಿ ಮನಸ್ಸು ಬದಲಾದದ್ದು ಎಷ್ಟು, ತಕ್ಕಡಿಯಂಥ ಪ್ರಶ್ನೆಯಿಂದಾಗಿ ಹಾಗೆ ಕಂಡದ್ದು ಎಷ್ಟು ಎಂದು ಈ ಪ್ರಶ್ನೆಯೊಂದರಿಂದಲೇ ಹೇಳಲಾಗದು.

ಪಿಯೆರ್ ಬೋರ್ದ್ಯೂ 1970ರ ದಶಕದ ಆರಂಭದಲ್ಲಿಯೇ, ಒಂದು ಪ್ರಶ್ನೆ ಕೇಳಲು ಯೋಗ್ಯವೆಂದು ಎಲ್ಲರೂ ಒಪ್ಪಿದ್ದಾರೆಂದು ಸಮೀಕ್ಷೆಗಳು ಮೊದಲೇ ಅಂದುಕೊಂಡಿರುತ್ತವೆ ಎಂದು ಆಕ್ಷೇಪಿಸಿದ್ದರು. ಜನಾಭಿಪ್ರಾಯ ಎಂಬುದೇ ಇಲ್ಲ ಎನ್ನುವಷ್ಟು ದೂರ ನಾನು ಅವರ ಜೊತೆ ಹೋಗಲಾರೆ. ಅಭಿಪ್ರಾಯ ಇದೆ. ಅದು ಯಾವ ಜಾಗದಲ್ಲಿ ನಿಂತವನ ಅಭಿಪ್ರಾಯ ಎಂಬುದನ್ನು ಪ್ರಶ್ನೆ ನಿರ್ಧರಿಸುತ್ತದೆ. ಈ ಮಾತಿಗೆ ಭಾರತೀನಗರಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಭಾರತೀನಗರ ಎಂದು ಕಾಗದದಲ್ಲಿ ಬರೆದರೂ ಸುತ್ತಲಿನವರ ಬಾಯಲ್ಲಿ ಅದು ಇಂದಿಗೂ ಕೆ.ಎಂ. ದೊಡ್ಡಿ. ಕಬ್ಬು, ಭತ್ತ, ಸಕ್ಕರೆ ಕಾರ್ಖಾನೆ, ಆಲೆಮನೆ, ಭಾರತೀ ಕಾಲೇಜು. ಕಾವೇರಿ ಹೋರಾಟದ ಮುಂಚೂಣಿಯಲ್ಲಿ ದಶಕಗಳ ಕಾಲ ನಿಂತ, ಮಂಡ್ಯದ ಸಂಸದರೂ ಆಗಿದ್ದ ಜಿ. ಮಾದೇಗೌಡರ ಕರ್ಮಭೂಮಿ ಇದೇ. ಆದ್ದರಿಂದ ‘ಬಿಡಬಾರದು’ ಎಂಬ ಮಾತು ಇಲ್ಲಿ ಗಟ್ಟಿಯಾಗಿ ಕೇಳುವುದು ಸಹಜ. ಆದರೆ ಈ ಊರಿರುವ ಮದ್ದೂರು ತಾಲ್ಲೂಕು, ಪಕ್ಕದ ಮಳವಳ್ಳಿ ತಾಲ್ಲೂಕು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕೊನೆ ಭಾಗವೂ ಹೌದು. ಕೃಷ್ಣರಾಜಸಾಗರದಿಂದ ಹೊರಟ ನೀರು ಪಾಂಡವಪುರ, ಮಂಡ್ಯ ಸೀಮೆಯ ತೂಬುಗಳನ್ನೆಲ್ಲ ದಾಟಿ ಇಲ್ಲಿಗೆ ಬರಬೇಕು. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ನೀರು ಹರಿಸುವ ವರ್ಷಗಳಲ್ಲಿ ಕಟ್ಟು ಮುಗಿಯುವುದರೊಳಗೆ ಕೊನೆಯ ಗದ್ದೆಗೆ ನೀರು ಮುಟ್ಟುತ್ತದೆಂಬ ಭರವಸೆ ಇರುವುದಿಲ್ಲ.

ಅಂಥ ಒಂದು ವರ್ಷದ ರಾತ್ರಿ ಉಪನಾಲೆಯ ಏರಿಯ ಮೇಲೆ ಟಾರ್ಚು, ಗುದ್ದಲಿ ಇಟ್ಟುಕೊಂಡು ಕೂತಿದ್ದ ಹಿರಿಯ ರೈತರೊಬ್ಬರ ಪಕ್ಕದಲ್ಲಿ ನಾನೂ ಕೂತಿದ್ದೆ. ನಾಲೆಯ ತಳದಲ್ಲಿ ಗೇಣುದ್ದ ನೀರು ಸದ್ದಿಲ್ಲದೆ ತೆವಳುತ್ತಿತ್ತು. ಅವರು ಒಂದು ಕಡ್ಡಿ ಎಸೆದು ಅದು ಚಲಿಸುವುದನ್ನು ಟಾರ್ಚಿನ ಬೆಳಕಲ್ಲಿ ನೋಡಿ, “ಮ್ಯಾಗಳೋರು ತೂಬು ಮುಚ್ಚದೆ ಹೋದ್ರೆ ನಮ್ಗೆ ಎಲ್ಲಿಂದ ಬತ್ತದೆ ಮೇಷ್ಟ್ರೆ? ಅವರ್ದು ತುಂಬಿ ಹಳ್ಳಕ್ ಹೋದ್ರೂ ಬುಡಾಕಿಲ್ಲ” ಎಂದರು. “ತಂಜಾವೂರಿನವರೂ ಹಿಂಗೇ ಅಂತಾರಲ್ಲಣ್ಣ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ರೂ ಗದ್ದೆ ಬೇಸಾಯದೋರೇ ಕನಪ್ಪ. ಅದ್ಕೇನೀಗ? ನಮ್ಗೆ ಇದ್ರೆ ತಾನೆ ಅವ್ರಿಗೆ ಕೊಡಾದು?” ಎಂದರು.

ಒಬ್ಬರ ಮಾತನ್ನು ನಾನು ಪುರಾವೆ ಎನ್ನುವುದಿಲ್ಲ. ಅದು ತೋರಿಸುವ ರಚನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಆ ರೈತ ಪಾಂಡವಪುರಕ್ಕೆ ಕೆಳಗಿನವರು, ತಂಜಾವೂರಿಗೆ ಮೇಲಿನವರು. ತಂಜಾವೂರಿನ ನದೀಮುಖಜ ಪ್ರದೇಶದ ರೈತ ಕರ್ನಾಟಕದ ಮೇಲೆ ಹೊರಿಸುವ ದೂರನ್ನೇ ಅವರು ತಮ್ಮ ಜಿಲ್ಲೆಯವರ ಮೇಲೆ ಹೊರಿಸುತ್ತಿದ್ದಾರೆ. ಇಲ್ಲಿ ಮೂರನೆಯ ಜಾಗವೂ ಒಂದಿದೆ. ಬೆಂಗಳೂರಿನ ಕುಡಿಯುವ ನೀರನ್ನು ಎತ್ತುವ ತೊರೆಕಾಡನಹಳ್ಳಿ ಮಳವಳ್ಳಿ ತಾಲ್ಲೂಕಿನದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೇ ಹಂತದ ಯೋಜನೆ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರನ್ನು ಅಲ್ಲಿಂದಲೇ ನಗರಕ್ಕೆ ಕಳಿಸುವಂಥದ್ದು. 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚಾದ 14.75 ಟಿ.ಎಂ.ಸಿ.ಯಲ್ಲಿ 4.75 ಬೆಂಗಳೂರಿನ ಹೆಸರಿನದು. ಇಷ್ಟಿದ್ದೂ ‘ಕರ್ನಾಟಕವೋ ತಮಿಳುನಾಡೋ’ ಎಂದು ಕೇಳಿದ ಗಳಿಗೆಯಲ್ಲಿ ಪಾಂಡವಪುರದ ಮೇಲಿನ ದೂರೂ ಬೆಂಗಳೂರಿನ ಕೊಳವೆಯ ಬಗೆಗಿನ ಅಳುಕೂ ಉತ್ತರದಿಂದ ಬಿದ್ದುಹೋಗುತ್ತವೆ. ಆ ಪ್ರಶ್ನೆಯಲ್ಲಿ ಅವಕ್ಕೆ ಜಾಗವೇ ಇಲ್ಲ.

ಹಾಗಾಗಿ ನನ್ನ ಮುಖ್ಯ ಪ್ರತಿಪಾದನೆ ಇದು: ಮಂಡ್ಯದ ‘ಬಿಡಬಾರದು’ ಎಂಬ ಮಾತು ಮೂಲತಃ ತಮಿಳು ಜನರ ಬಗ್ಗೆ ಆಡಿದ ಮಾತಲ್ಲ, ಕೊರತೆಯನ್ನು ಯಾರು ಹೊರಬೇಕೆಂಬ ಲೆಕ್ಕದ ಬಗ್ಗೆ ಆಡಿದ ಮಾತು. 2023ರ ಹೋರಾಟದ ಬೇಡಿಕೆಗಳು ಇದನ್ನು ಬೆಂಬಲಿಸುತ್ತವೆ. ಕೊರತೆಯ ವರ್ಷಗಳ ಹಂಚಿಕೆಗೆ ಸಂಕಷ್ಟ ಸೂತ್ರ ಬೇಕು, ಮೇಕೆದಾಟು ಅಣೆಕಟ್ಟು ಆಗಬೇಕು, ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದ ಆದೇಶ ಪಾಲಿಸಬಾರದು ಎಂಬವು ಸರ್ಕಾರ, ನ್ಯಾಯಾಲಯ, ಪ್ರಾಧಿಕಾರಗಳನ್ನು ಉದ್ದೇಶಿಸಿದವು. ಇದಕ್ಕಿಂತ ಬಲವಾದ ಸಾಕ್ಷ್ಯ 2003ರದು. ಹಿಂದಿನ ವರ್ಷದ ಜಗಳದ ಬಿಸಿ ಆರುವ ಮೊದಲೇ, ಏಪ್ರಿಲ್‌ನಲ್ಲಿ, ಎರಡೂ ರಾಜ್ಯಗಳ ರೈತರು ಚೆನ್ನೈನಲ್ಲಿ ಎದುರುಬದುರು ಕೂತು ಮಾತಾಡಿದರು. ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಅದಕ್ಕೆ ವೇದಿಕೆ ಒದಗಿಸಿದರು. ಮನ್ನಾರ್‌ಗುಡಿಯ ಎಸ್. ರಂಗನಾಥನ್ ಆ ಕಡೆಯಿಂದ, ಪಾಂಡವಪುರ ಸೀಮೆಯ ಕೆ.ಎಸ್. ಪುಟ್ಟಣ್ಣಯ್ಯ ಈ ಕಡೆಯಿಂದ ಜೊತೆಯಾದರು. ಅದಕ್ಕೆ ಅವರಿಟ್ಟ ಹೆಸರು ‘ಕಾವೇರಿ ಕುಟುಂಬ’. ಹೆದ್ದಾರಿ ತಡೆದ ಚಳವಳಿಯ ನಾಯಕರೇ ಆ ಕೋಣೆಯಲ್ಲೂ ಕೂತಿದ್ದರು. ಜನಾಭಿಪ್ರಾಯವನ್ನು ಹೆದ್ದಾರಿಯಿಂದ ಮಾತ್ರ ಓದುವವರಿಗೆ ಪುಟ್ಟಣ್ಣಯ್ಯನವರ ಈ ಎರಡನೆಯ ಪಾತ್ರ ಅರ್ಥವಾಗುವುದು ಕಷ್ಟ.

ನನ್ನ ಪ್ರತಿಪಾದನೆಗೆ ಎದುರಾಗುವ ದೊಡ್ಡ ಬಂಡೆ 1991. ಮಧ್ಯಂತರ ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾದದ್ದು ಡಿಸೆಂಬರ್ 11ರಂದು. ಬೆನ್ನಿಗೇ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿ ನಡೆಯಿತು, ಜೀವಗಳು ಹೋದವು. ದಕ್ಷಿಣದ ಜಿಲ್ಲೆಗಳಲ್ಲೂ ತಮಿಳು ಕುಟುಂಬಗಳು ಹೆದರಿ ಊರು ಬಿಟ್ಟವು. ಅದು ನೀರಿನ ಲೆಕ್ಕದ ಜಗಳವಷ್ಟೇ ಎಂದು ಹೇಳಿದರೆ ನೊಂದವರಿಗೆ ಅನ್ಯಾಯ ಮಾಡಿದಂತೆ. ಅದಕ್ಕಿಂತ ಹೆಚ್ಚಿನ ತೊಡಕೆಂದರೆ, ಆ ಕಿಚ್ಚು ಹೊತ್ತಿಕೊಂಡದ್ದು ಒಣಗಿದ ಜಲಾಶಯದಿಂದಲ್ಲ, ಒಂದು ಆದೇಶದ ಪ್ರಕಟಣೆಯಿಂದ. ಮಧ್ಯಂತರ ಆದೇಶಕ್ಕೆ ನಿಜವಾದ ಬರದ ಪರೀಕ್ಷೆ ಎದುರಾದದ್ದು 1995ರಲ್ಲಿ. ಕೊರತೆಯೇ ಕಾರಣ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಉರಿದದ್ದೂ ನದಿಯಿಂದ ದೂರದ ರಸ್ತೆಗಳಲ್ಲಿ. ಹೀಗಾಗಿ ನನ್ನ ಮಾತನ್ನು ನಾಲೆಯ ನೀರು ಉಣ್ಣುವ ರೈತಾಪಿ ಜನರಿಗೆ ಮಾತ್ರ, ಅದರಲ್ಲೂ 1995ರಿಂದ ಈಚಿನ ಸಂಕಷ್ಟದ ವರ್ಷಗಳಿಗೆ ಮಾತ್ರ ಅನ್ವಯಿಸುತ್ತೇನೆ. ನಗರದ ಭಾಷಾಭಿಮಾನ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಬೇರೆಯದೇ ವಿವರಣೆ ಬೇಕು. ಆ ಎರಡೂ ಒಂದನ್ನೊಂದು ಎಲ್ಲಿ ಮುಟ್ಟುತ್ತವೆ, ಹಳ್ಳಿಯ ಲೆಕ್ಕ ಪೇಟೆಯ ಹಗೆಗೆ ಎಲ್ಲಿ ಆಸರೆಯಾಗುತ್ತದೆ ಎಂಬುದು ನನ್ನನ್ನು ಈಗಲೂ ಕಾಡುವ ಪ್ರಶ್ನೆ.

ಇದನ್ನು ಪರೀಕ್ಷಿಸುವ ದಾರಿಯೇನೋ ಇದೆ. ಪ್ಯೂ ಮಾಡಿದಂತೆ ತಮಿಳುನಾಡು ಸರ್ಕಾರ, ತಮಿಳು ಜನ, ತಂಜಾವೂರು ಕಡೆಯ ರೈತರು, ಬೆಂಗಳೂರು, ನಾಲೆಯ ಮೇಲಿನ ಭಾಗದವರು, ಇವರೆಲ್ಲರ ಬಗ್ಗೆ ಬಿಡಿಬಿಡಿಯಾಗಿ ಕೇಳಬೇಕು. ಪಾಂಡವಪುರದಲ್ಲಿ, ಭಾರತೀನಗರದಲ್ಲಿ, ಮನ್ನಾರ್‌ಗುಡಿಯಲ್ಲಿ, ಒಂದೇ ಪ್ರಶ್ನೆಗಳನ್ನು ಅವರವರ ಮಾತಿನಲ್ಲಿ. ಕನ್ನಡದಲ್ಲಿ ಕೇಳುವಾಗ ‘ತಮಿಳುನಾಡು’ ಎಂಬ ಒಂದೇ ಪದ ನೆಲ, ಜನ, ಸರ್ಕಾರ ಮೂರನ್ನೂ ಸೂಚಿಸುತ್ತದೆ. ‘ತಮಿಳ್ನಾಡೋರು’ ಎಂದರೆ ರೈತನೋ, ಮಂತ್ರಿಯೋ ಎಂಬುದು ಆಡುವವನ ಮನಸ್ಸಿನಲ್ಲಿರುತ್ತದೆ. ಈ ಪದವನ್ನು ಹೇಗೆ ಬಿಡಿಸಿ ಕೇಳುವುದೆಂದು ನನಗಿನ್ನೂ ಹೊಳೆದಿಲ್ಲ. ಕೇಳುವ ಕಾಲವೂ ಅಷ್ಟೇ ಮುಖ್ಯ. ಕನ್ನಂಬಾಡಿ (ಕೃಷ್ಣರಾಜಸಾಗರ) 124.80 ಅಡಿ ಮುಟ್ಟಿ ತುಂಬಿ ನಿಂತ ವರ್ಷ ಒಮ್ಮೆ, ನಾಲೆಗೆ ನೀರಿಲ್ಲದ ವರ್ಷ ಇನ್ನೊಮ್ಮೆ, ಅವೇ ಮನೆಗಳಿಗೆ ಹೋಗಬೇಕು. ತುಂಬಿದ ವರ್ಷದಲ್ಲಿ ಈ ಪ್ರಶ್ನೆಗಳನ್ನು ಹೊತ್ತು ಆ ಮನೆಗಳ ಬಾಗಿಲಿಗೆ ಯಾರೂ ಹೋಗುವುದಿಲ್ಲ.