ಮೈದಾನದ ಪಂದ್ಯ ಯೂಟ್ಯೂಬ್‌ನಲ್ಲಿ ಲೈವ್: ಅಡ್ಮಿನ್ ಡ್ಯಾಶ್‌ಬೋರ್ಡ್ ನಿರ್ವಹಣೆ ಹೇಗೆ? ಕೀಲಿ ಯಾರ ಕೈಯಲ್ಲಿರಬೇಕು?

ಕಾಮೋಠೆ (ನವಿ ಮುಂಬೈ): ದೀಪಾವಳಿ ಮುಗಿದರೆ ಸಾಕು, ಮಳೆಗಾಲ ಶುರುವಾಗುವವರೆಗೂ ಮಾನಸರೋವರ, ಖಾಂದೇಶ್ವರ ನಿಲ್ದಾಣಗಳ ಆಸುಪಾಸಿನ ಮೈದಾನಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ನಡೆಯುತ್ತಲೇ ಇರುತ್ತದೆ. ಪನ್ವೇಲ್, ಉರಣ್, ಠಾಣೆ, ಡೊಂಬಿವಿಲಿ, ಕಲ್ಯಾಣ್ ಎಲ್ಲ ಕಡೆಯೂ ಇದೇ ಕಥೆ. ಕನ್ನಡಿಗರ, ತುಳುವರ ಸಂಘಗಳ ವಾರ್ಷಿಕ ಕ್ರೀಡಾಕೂಟಗಳೂ ಇದೇ ತಿಂಗಳುಗಳಲ್ಲಿ. ಹಿಂದೆಲ್ಲ ಪಂದ್ಯ ನೋಡಬೇಕೆಂದರೆ ಮೈದಾನಕ್ಕೇ ಹೋಗಬೇಕಿತ್ತು. ಈಗ ಉಡುಪಿಯಲ್ಲಿರುವ ಅಪ್ಪ ಅಮ್ಮ, ದುಬೈನಲ್ಲಿರುವ ಅಣ್ಣ ಎಲ್ಲರೂ ಯೂಟ್ಯೂಬ್ ಲಿಂಕ್ ಒತ್ತಿ ನೋಡುತ್ತಾರೆ.

ಇದು ಬರೀ ಖುಷಿಯ ವಿಚಾರವಾಗಿಯೂ ಉಳಿದಿಲ್ಲ. 2024ರ ಮಾರ್ಚ್‌ನಲ್ಲಿ ಠಾಣೆಯ ದಾದೋಜಿ ಕೊಂಡದೇವ್ ಕ್ರೀಡಾಂಗಣದಲ್ಲಿ ಇಂಡಿಯನ್ ಸ್ಟ್ರೀಟ್ ಪ್ರೀಮಿಯರ್ ಲೀಗ್ ಶುರುವಾದ ಮೇಲೆ ಟೆನಿಸ್ ಬಾಲ್ ಆಟಗಾರರಿಗೂ ಹರಾಜಿನ ಬಾಗಿಲು ತೆರೆದಿದೆ. ರಣಜಿ ಆಡಿದವರಿಗಾದರೆ ಅಧಿಕೃತ ಅಂಕಿಅಂಶ ಇರುತ್ತದೆ. ಗಲ್ಲಿ ಕ್ರಿಕೆಟಿಗ 'ನಾನು ಹೀಗೆ ಆಡುತ್ತೇನೆ' ಎಂದು ತೋರಿಸಲು ಹೆಚ್ಚಾಗಿ ಇಂಥ ನೇರಪ್ರಸಾರದ ವಿಡಿಯೋಗಳನ್ನೇ ನಂಬಿಕೊಂಡಿರುತ್ತಾನೆ. ಹಾಗಾಗಿ ಆ ವಿಡಿಯೋ ಉಳಿಯುತ್ತದೋ ಅಳಿಯುತ್ತದೋ ಎಂಬುದು ದೊಡ್ಡ ಪ್ರಶ್ನೆ. ಅದಕ್ಕೆ ಉತ್ತರ ಕ್ಯಾಮೆರಾದಲ್ಲಿಲ್ಲ, ಅಡ್ಮಿನ್ ಡ್ಯಾಶ್‌ಬೋರ್ಡ್‌ನಲ್ಲಿದೆ.

ಏನಿದು ಡ್ಯಾಶ್‌ಬೋರ್ಡ್?

ಮೈದಾನದ ಕ್ಯಾಮೆರಾದಿಂದ ಬರುವ ದೃಶ್ಯ ಮೊದಲು ಲ್ಯಾಪ್‌ಟಾಪ್‌ಗೆ ಹೋಗುತ್ತದೆ. ಅಲ್ಲಿ ಓಬಿಎಸ್ ಸ್ಟುಡಿಯೋದಂಥ ಉಚಿತ ತಂತ್ರಾಂಶ ಸ್ಕೋರ್ ಪಟ್ಟಿ, ಪ್ರಾಯೋಜಕರ ಲೋಗೋ, ಕಾಮೆಂಟರಿಯ ಧ್ವನಿ ಎಲ್ಲವನ್ನೂ ಸೇರಿಸಿ ಯೂಟ್ಯೂಬ್‌ಗೆ ಕಳಿಸುತ್ತದೆ. ಯೂಟ್ಯೂಬ್ ಕಡೆಯಲ್ಲಿ ಇದನ್ನು ಬರಮಾಡಿಕೊಳ್ಳುವ ಪುಟವೇ 'ಲೈವ್ ಕಂಟ್ರೋಲ್ ರೂಮ್'. ಪಂದ್ಯದ ಶೀರ್ಷಿಕೆ, ಸಮಯ, ಚಾಟ್, ವೀಕ್ಷಕರ ಸಂಖ್ಯೆ, ಪ್ರಸಾರದ ಗುಣಮಟ್ಟ ಎಲ್ಲವೂ ಒಂದೇ ಪರದೆಯಲ್ಲಿ ಕಾಣುತ್ತದೆ.

ಹೊಸ ಚಾನೆಲ್ ಆದರೆ ಫೋನ್ ನಂಬರ್ ದೃಢೀಕರಿಸಿ ಲೈವ್ ಸೌಲಭ್ಯ ಆನ್ ಮಾಡಬೇಕು. ಅದು ಸಕ್ರಿಯವಾಗಲು 24 ಗಂಟೆಯವರೆಗೂ ಬೇಕಾಗಬಹುದು. ಭಾನುವಾರ ಬೆಳಿಗ್ಗೆ ಟಾಸ್ ಹೊತ್ತಿಗೆ ಚಾನೆಲ್ ತೆರೆಯಲು ಕೂತರೆ ಆ ದಿನದ ಪ್ರಸಾರ ಹೋದಂತೆಯೇ. ಮೊಬೈಲ್‌ನಿಂದ ನೇರವಾಗಿ ಲೈವ್ ಹೋಗಲು ಕನಿಷ್ಠ 50 ಚಂದಾದಾರರೂ ಇರಬೇಕು. ಇನ್ನೊಂದು ವಿಷಯ ಹಲವು ಸಂಘಗಳ ಗಮನಕ್ಕೇ ಬಂದಂತಿಲ್ಲ: 2025ರ ಜುಲೈ 22ರಿಂದ ಲೈವ್ ಮಾಡುವವರ ಕನಿಷ್ಠ ವಯಸ್ಸನ್ನು ಯೂಟ್ಯೂಬ್ 13ರಿಂದ 16ಕ್ಕೆ ಏರಿಸಿದೆ. 'ನಮ್ಮ ಮಗನಿಗೆ ಇದೆಲ್ಲ ಚೆನ್ನಾಗಿ ಗೊತ್ತು' ಎಂದು ಒಂಬತ್ತನೇ ತರಗತಿ ಹುಡುಗನ ಖಾತೆಯಿಂದಲೇ ಪ್ರಸಾರ ಮಾಡಿಸುವ ರೂಢಿ ಇನ್ನು ನಡೆಯದು.

ಸ್ಟ್ರೀಮ್ ಕೀ ಎಂಬ ಮನೆ ಕೀಲಿಕೈ

ಡ್ಯಾಶ್‌ಬೋರ್ಡ್‌ನಲ್ಲಿ ಅಕ್ಷರ, ಅಂಕಿಗಳ ಒಂದು ಉದ್ದನೆಯ ಸಾಲು ಕಾಣುತ್ತದೆ. ಅದೇ ಸ್ಟ್ರೀಮ್ ಕೀ. ಇದು ಯಾರ ಕೈಗೆ ಸಿಕ್ಕರೂ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಚಾನೆಲ್‌ಗೆ ತಮ್ಮ ದೃಶ್ಯ ಕಳಿಸಬಹುದು. ಆದರೂ ಇದನ್ನು ಸಂಘದ ವಾಟ್ಸಾಪ್ ಗ್ರೂಪ್‌ಗೆ ಹಾಕುವವರಿದ್ದಾರೆ. ಬಾಡಿಗೆ ಕ್ಯಾಮೆರಾದವರ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಬಿಟ್ಟು ಬರುವವರೂ ಇದ್ದಾರೆ. ಮಾಮೂಲಿ ಕೀ ಒಂದು ಪಂದ್ಯ ಮುಗಿದ ಕೂಡಲೇ ಸಾಯುವುದಿಲ್ಲ, ಮುಂದಿನ ವರ್ಷವೂ ಅದೇ ಕೆಲಸ ಮಾಡುತ್ತದೆ. ಟೂರ್ನಿ ಮುಗಿದ ದಿನವೇ 'ರೀಸೆಟ್' ಒತ್ತಿದರೆ ಹಳೆಯದು ನಿರುಪಯುಕ್ತವಾಗುತ್ತದೆ. ಒಂದು ನಿಮಿಷದ ಕೆಲಸ.

ಇದಕ್ಕಿಂತ ದೊಡ್ಡ ತಲೆನೋವು ಚಾನೆಲ್ ಯಾರ ಹೆಸರಿನಲ್ಲಿದೆ ಎಂಬುದು. ಉತ್ಸಾಹಿ ಸದಸ್ಯರೊಬ್ಬರು ತಮ್ಮ ಸ್ವಂತ ಜಿಮೇಲ್‌ನಿಂದ ಚಾನೆಲ್ ತೆರೆಯುತ್ತಾರೆ. ನಾಲ್ಕು ವರ್ಷದ ಪಂದ್ಯಗಳೆಲ್ಲ ಅದರಲ್ಲೇ ಇರುತ್ತವೆ. ಅವರು ಕೆಲಸ ಬದಲಿಸಿ ಬೇರೆ ಊರಿಗೆ ಹೋಗಬಹುದು, ಸಮಿತಿಯೊಂದಿಗೆ ಮನಸ್ತಾಪ ಬರಬಹುದು. ಆಗ ಸಂಘಕ್ಕೆ ತನ್ನದೇ ಚಾನೆಲ್‌ನ ಬಾಗಿಲು ಬಂದ್. ಪಾಸ್‌ವರ್ಡ್ ಹಂಚಿಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಆ ಪಾಸ್‌ವರ್ಡ್‌ನಿಂದ ಅವರ ಖಾಸಗಿ ಮೇಲ್, ಫೋಟೋ ಎಲ್ಲವೂ ತೆರೆದುಕೊಳ್ಳುತ್ತವೆ.

ಸರಿಯಾದ ದಾರಿ ಯೂಟ್ಯೂಬ್ ಸ್ಟುಡಿಯೋದ 'ಪರ್ಮಿಷನ್ಸ್' ವಿಭಾಗದಲ್ಲಿದೆ. ಸಂಘದ ಹೆಸರಿನ ಪ್ರತ್ಯೇಕ ಇಮೇಲ್ ಒಡೆಯನಾಗಿರಲಿ. ಅದರ ಪಾಸ್‌ವರ್ಡ್ ಅಧ್ಯಕ್ಷರು, ಕಾರ್ಯದರ್ಶಿ ಬಳಿ ಮಾತ್ರ ಇರಲಿ. ಕ್ರೀಡಾ ಕಾರ್ಯದರ್ಶಿಗೆ 'ಮ್ಯಾನೇಜರ್' ಸ್ಥಾನ ಕೊಟ್ಟರೆ ಅವರು ಬೇರೆಯವರನ್ನು ಸೇರಿಸಬಹುದು, ತೆಗೆಯಬಹುದು, ಆದರೆ ಚಾನೆಲ್ಲನ್ನೇ ಅಳಿಸಲಾರರು. ಲ್ಯಾಪ್‌ಟಾಪ್ ಮುಂದೆ ಕೂರುವ ಹುಡುಗರಿಗೆ 'ಎಡಿಟರ್' ಸಾಕು. ಅವರು ವಿಡಿಯೋ ಹಾಕಬಲ್ಲರು, ಪ್ರಕಟವಾದದ್ದನ್ನು ಅಳಿಸಲಾರರು. ಲೆಕ್ಕಪತ್ರ ನೋಡುವ ಖಜಾಂಚಿಗೆ ಅಂಕಿಅಂಶ ನೋಡಲು 'ವ್ಯೂವರ್' ಸಾಕು. ಸಮಿತಿ ಬದಲಾದಾಗ ಬ್ಯಾಂಕ್ ಸಹಿ ಬದಲಿಸುವ ಸಂಘಗಳು ಈ ಪಟ್ಟಿಯನ್ನೂ ಅದೇ ಸಭೆಯಲ್ಲಿ ಬದಲಿಸಬೇಕು.

ನೆಟ್ ಲೆಕ್ಕ ಮೊದಲೇ ಹಾಕಿ

720ಪಿ ಗುಣಮಟ್ಟದ ಮಾಮೂಲಿ ಪ್ರಸಾರಕ್ಕೆ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಎಂದಿಟ್ಟುಕೊಳ್ಳಿ. ಗಂಟೆಗೆ 1.8 ಜಿಬಿ, 8 ಗಂಟೆಗೆ 14.4 ಜಿಬಿ ಡೇಟಾ ಆಯಿತು. ದಿನಕ್ಕೆ 2 ಜಿಬಿ ಕೊಡುವ ಸಿಮ್ ಮೊದಲ ಪಂದ್ಯ ಮುಗಿಯುವ ಹೊತ್ತಿಗೇ ಕೈಕೊಡುತ್ತದೆ. ವೇಗ ಪರೀಕ್ಷಿಸುವಾಗ ಬಹುತೇಕರು ನೋಡುವುದು ಡೌನ್‌ಲೋಡ್. ಇಲ್ಲಿ ಬೇಕಿರುವುದು ಅಪ್‌ಲೋಡ್, ಅದೂ ಅಗತ್ಯಕ್ಕಿಂತ ಎರಡು ಪಟ್ಟು ಇದ್ದರೆ ನೆಮ್ಮದಿ. ಶುಕ್ರವಾರ ಖಾಲಿ ಮೈದಾನದಲ್ಲಿ ಮಾಡಿದ ಪರೀಕ್ಷೆಯನ್ನು ನಂಬಬೇಡಿ. ಫೈನಲ್‌ಗೆ ಜನ ಸೇರಿ ಎಲ್ಲರೂ ಫೋನ್ ಹಿಡಿದಾಗ ಅದೇ ಟವರ್ ಉಸಿರುಗಟ್ಟುತ್ತದೆ. ಹತ್ತಿರದ ಕಟ್ಟಡದ ಬ್ರಾಡ್‌ಬ್ಯಾಂಡ್‌ನಿಂದ ಕೇಬಲ್ ಎಳೆಯಲು ಸೊಸೈಟಿಯವರು ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೇರೆ ಕಂಪನಿಯ ಸಿಮ್ ಹಾಕಿದ ಇನ್ನೊಂದು ಹಾಟ್‌ಸ್ಪಾಟ್ ಪಕ್ಕದಲ್ಲಿರಲಿ.

ನೆಟ್ ಕುಂಟತೊಡಗಿದಾಗ ಏನನ್ನು ಬಿಟ್ಟುಕೊಡಬೇಕು ಎಂಬುದನ್ನೂ ಮೊದಲೇ ತೀರ್ಮಾನಿಸಿ. ದೊಡ್ಡವರೂ ಮಾಡುವುದು ಇದನ್ನೇ. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ವೀಕ್ಷಕರಿದ್ದರು. ಧೋನಿ ರನೌಟ್ ಆದ ಮೇಲೆ ಜನ ಒಟ್ಟೊಟ್ಟಿಗೆ ಹಿಂದಿನ ಪುಟಕ್ಕೆ ಮರಳಿದರು. ಎಲ್ಲರ ಫೋನಿನಲ್ಲೂ ಒಂದೇ ಸಲಕ್ಕೆ ಮುಖಪುಟ ತೆರೆಯುವ ಇಂಥ ಹೊತ್ತಿಗೆಂದೇ ಅಲ್ಲಿನ ಎಂಜಿನಿಯರುಗಳು ಶಿಫಾರಸು ಪಟ್ಟಿಯಂಥ ಸೇವೆಗಳನ್ನು ಬಂದ್ ಮಾಡಿ ಪಂದ್ಯದ ದೃಶ್ಯವನ್ನು ಉಳಿಸಿಕೊಳ್ಳುವ ಏರ್ಪಾಟು ಮಾಡಿಕೊಂಡಿದ್ದರು. ಕಾಮೋಠೆಯ ಮೈದಾನದಲ್ಲಿ ಇದರ ಪುಟ್ಟ ರೂಪ: ಗುಣಮಟ್ಟವನ್ನು 720ರಿಂದ 480ಕ್ಕೆ ಇಳಿಸಿ, ಧ್ವನಿ ಮಾತ್ರ ಕಡಿಯದಂತೆ ನೋಡಿಕೊಳ್ಳಿ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಪದೇ ಪದೇ ನಿಲ್ಲುವ ಪ್ರಸಾರವನ್ನಲ್ಲ. ಓಬಿಎಸ್‌ನಲ್ಲಿ ನೆಟ್ ಸ್ಥಿತಿಗೆ ತಕ್ಕಂತೆ ಬಿಟ್‌ರೇಟ್ ತಾನಾಗಿ ಬದಲಾಗುವ ಆಯ್ಕೆಯೂ ಇದೆ, ಅದನ್ನು ಟಿಕ್ ಮಾಡಿಡಿ.

ಸ್ಕೋರ್ ವಿಚಾರದಲ್ಲಿ ಒಂದೇ ಮಾತು. ಅಹಮದಾಬಾದ್ ಮೂಲದ ಕ್ರಿಕ್‌ಹೀರೋಸ್‌ನಂಥ ಆ್ಯಪ್‌ನಲ್ಲಿ ಸ್ಕೋರರ್ ಒತ್ತಿದ್ದು ಪರದೆಯ ಪಟ್ಟಿಯಲ್ಲಿ ತಾನಾಗಿ ಕಾಣುವಂತೆ ಮಾಡಬಹುದು. ಆದರೆ ಸ್ಕೋರರ್ ಬೇರೆ, ಲ್ಯಾಪ್‌ಟಾಪ್ ನೋಡುವವರು ಬೇರೆ ಇರಲೇಬೇಕು.

ವಿಕೆಟ್ ಬಿದ್ದಾಗ ಡಿಜೆ ಹಾಡು ಹಾಕಿದರೆ?

ಸಿಕ್ಸರ್‌ಗೊಂದು ಹಾಡು, ವಿಕೆಟ್‌ಗೊಂದು ಹಾಡು ಇಲ್ಲದೆ ನಮ್ಮ ಟೂರ್ನಿಗಳು ನಡೆಯುವುದೇ ಇಲ್ಲ. ಆ ಹಾಡು ಮೈಕ್ ಮೂಲಕ ಪ್ರಸಾರಕ್ಕೂ ಸೇರುತ್ತದೆ. ಯೂಟ್ಯೂಬ್‌ನ 'ಕಂಟೆಂಟ್ ಐಡಿ' ವ್ಯವಸ್ಥೆ ಲೈವ್ ನಡೆಯುವಾಗಲೇ ಅದನ್ನು ಗುರುತಿಸಬಲ್ಲದು. ಆಗ ಪಂದ್ಯದ ಬದಲು ಒಂದು ನಿಶ್ಚಲ ಚಿತ್ರ ಕಾಣಿಸಬಹುದು. ಹಕ್ಕುಸ್ವಾಮ್ಯದ ಕಾರಣಕ್ಕೆ ನಡೆಯುತ್ತಿರುವ ಲೈವ್ ಅನ್ನೇ ತೆಗೆದುಹಾಕಿದರೆ 7 ದಿನ ಲೈವ್ ಸೌಲಭ್ಯ ನಿರ್ಬಂಧಕ್ಕೊಳಗಾಗಬಹುದು. ಶನಿವಾರ ಹೀಗಾದರೆ ಭಾನುವಾರದ ಫೈನಲ್ ಪ್ರಸಾರವೇ ಇಲ್ಲ. ಸಕ್ರಿಯ ಸ್ಟ್ರೈಕ್‌ಗಳು ಮೂರಾದರೆ ಚಾನೆಲ್ಲೇ ಹೋಗುತ್ತದೆ, ಅದರೊಂದಿಗೆ ಹಳೆಯ ಪಂದ್ಯಗಳೂ.

ಡಿಜೆ ನಿಲ್ಲಿಸಿ ಎಂದರೆ ಮೈದಾನದಲ್ಲಿ ಯಾರೂ ಕೇಳಲಾರರು. ಅದರ ಬದಲು ಕಾಮೆಂಟರಿ ಮೈಕ್‌ನಿಂದ ನೇರ ವೈರ್ ತೆಗೆದುಕೊಂಡು ಕ್ಯಾಮೆರಾದ ಮೈಕ್ ಬಂದ್ ಮಾಡಿ. ಸ್ಪೀಕರ್‌ಗಳು ಕಾಮೆಂಟರಿ ಮೇಜಿಗೆ ಬೆನ್ನು ಮಾಡಿರಲಿ. ಟಿವಿಯಲ್ಲಿ ಬರುವ ಐಪಿಎಲ್ ಪಂದ್ಯವನ್ನು ಬ್ರೇಕ್ ಹೊತ್ತಿನಲ್ಲಿ ತೋರಿಸುವ ಹುಚ್ಚುಸಾಹಸಕ್ಕಂತೂ ಇಳಿಯಲೇಬೇಡಿ.

ಚಾಟ್‌ನಲ್ಲಿ ಬೆಟ್ಟಿಂಗ್: ಕಣ್ಣಿಡಬೇಕಾದ ಜಾಗ

2022ರ ಜುಲೈನಲ್ಲಿ ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಮೋಲಿಪುರದಲ್ಲಿ ಬಯಲಾದ ನಕಲಿ ಐಪಿಎಲ್ ನೆನಪಿದೆಯೇ? ಹೊಲದಲ್ಲಿ ಪಿಚ್ ಮಾಡಿ, ಕೂಲಿಯಾಳುಗಳಿಗೆ ಜೆರ್ಸಿ ತೊಡಿಸಿ, ಜನಸಮೂಹದ ಸದ್ದನ್ನು ಇಂಟರ್ನೆಟ್‌ನಿಂದ ಇಳಿಸಿಕೊಂಡು ಯೂಟ್ಯೂಬ್‌ನಲ್ಲಿ ಲೈವ್ ಮಾಡಲಾಗಿತ್ತು. ರಷ್ಯಾದಲ್ಲಿ ಕೂತವರು ಟೆಲಿಗ್ರಾಂ ಮೂಲಕ ಬಾಜಿ ಕಟ್ಟುತ್ತಿದ್ದರು ಎಂದು ಪೊಲೀಸರು ಹೇಳಿದ್ದರು. ಪಂದ್ಯವೇ ಸುಳ್ಳಾಗಿದ್ದರೂ ಬಾಜಿ ನಡೆದಿತ್ತು ಎಂದರೆ, ನಿಜವಾದ ಪಂದ್ಯದ ಪ್ರಸಾರದ ಮೇಲೆ ಅಂಥವರ ಕಣ್ಣು ಬೀಳುವುದಿಲ್ಲವೇ?

ಪ್ರಸಾರ ಮೈದಾನಕ್ಕಿಂತ ಕೆಲವು ಸೆಕೆಂಡ್ ಹಿಂದಿರುತ್ತದೆ. ಮೈದಾನದಲ್ಲಿ ಫೋನ್ ಹಿಡಿದು ನಿಂತವನಿಗೆ ಅಷ್ಟು ಸೆಕೆಂಡ್‌ಗಳ ಲಾಭ. ಸಣ್ಣ ಟೂರ್ನಿಗಳು ಇದನ್ನು ಪೂರ್ತಿ ತಡೆಯಲಾರವು. ಆದರೆ ಚಾಟ್ ಅವರ ಕೈಯಲ್ಲೇ ಇದೆ. ಮನೆಯಲ್ಲಿ ಕೂತು ನೋಡುವ ಇಬ್ಬರನ್ನು ಮಾಡರೇಟರ್ ಮಾಡಿ. ಫೋನ್ ನಂಬರ್, ಟೆಲಿಗ್ರಾಂ ಲಿಂಕ್, 'ರೇಟ್' ಎಂಬ ಮಾತು ಕಂಡರೆ ಅಳಿಸಿ, ಹಾಕಿದವರನ್ನು ಮರೆಮಾಡಲಿ. ಲಿಂಕ್‌ಗಳನ್ನು ತಡೆಹಿಡಿಯುವ, ಕೆಲವು ಪದಗಳನ್ನು ನಿರ್ಬಂಧಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ. ಆಟಗಾರರ ಮನೆಯವರ ಬಗ್ಗೆ ಬರುವ ಕೀಳು ಮಾತುಗಳಿಗೂ ಇದೇ ಮದ್ದು.

ಪ್ರಾಯೋಜಕರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳ ಜಾಹೀರಾತಿಗೂ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಪರದೆಯ ಮೂಲೆಯಲ್ಲಿ ಪುಟ್ಟ ಲೋಗೋ ಹಾಕಿದರೂ ಅದು ಜಾಹೀರಾತೇ. ಟ್ರೋಫಿಯ ಖರ್ಚು ಕೊಡುತ್ತೇವೆ ಎಂದು ಯಾವುದೋ ಆ್ಯಪ್‌ನವರು ಬಂದರೆ ಒಪ್ಪುವ ಮೊದಲು ಆ ಆ್ಯಪ್ ಏನೆಂದು ತೆರೆದು ನೋಡಿ.

ಡ್ರೋನ್ ಹಾರಿಸುವ ಮುನ್ನ

ಮೇಲಿನಿಂದ ಮೈದಾನ ತೋರಿಸುವ ಡ್ರೋನ್ ಶಾಟ್ ಈಗಿನ ಫ್ಯಾಷನ್. ಆದರೆ ನವಿ ಮುಂಬೈ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ 2025ರ ಡಿಸೆಂಬರ್ 25ರಿಂದ ಕಾರ್ಯಾಚರಣೆ ಆರಂಭಿಸಿದೆ, ಕಾಮೋಠೆ ಅದಕ್ಕೆ ಕೆಲವೇ ಕಿಲೋಮೀಟರ್ ದೂರ. 2021ರ ಡ್ರೋನ್ ನಿಯಮಗಳ ಪ್ರಕಾರ ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್ ಒಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಯಾವ ಬಣ್ಣದ ವಲಯದಲ್ಲಿದೆ ಎಂದು ನೋಡಿಕೊಳ್ಳಿ.

12 ಗಂಟೆ ದಾಟಿದರೆ ವಿಡಿಯೋ ಉಳಿಯುತ್ತದೆಯೇ?

ಕರಾವಳಿಯ ಕಂಬಳ ರಾತ್ರಿಯಿಡೀ ನಡೆಯುತ್ತದೆ, ಕೆಲವೊಮ್ಮೆ ಮರುದಿನಕ್ಕೂ ಮುಂದುವರಿಯುತ್ತದೆ. ಮುಂಬೈನಲ್ಲಿ ಅದನ್ನು ಯೂಟ್ಯೂಬ್‌ನಲ್ಲಿ ನೋಡುವವರಿಗೆ ಪ್ರಸಾರ ಭಾಗ ಭಾಗವಾಗಿ ಬರುವುದು ಗೊತ್ತಿರುತ್ತದೆ. ಅದಕ್ಕೆ ಕಾರಣವಿದೆ. 12 ಗಂಟೆಯೊಳಗಿನ ಲೈವ್ ಮಾತ್ರ ತಾನಾಗಿ ಪೂರ್ತಿ ವಿಡಿಯೋ ಆಗಿ ಉಳಿಯುತ್ತದೆ. ಬೆಳಿಗ್ಗೆ 8ಕ್ಕೆ ಶುರುವಾಗಿ ಫ್ಲಡ್‌ಲೈಟ್‌ನಲ್ಲಿ ಫೈನಲ್ ಆಡಿಸುವ ಟೂರ್ನಿಯನ್ನು ಒಂದೇ ಲೈವ್‌ನಲ್ಲಿ ಓಡಿಸಿದರೆ ಅಪಾಯ ಇಲ್ಲೇ. ಇನ್ನೊಂದು ತೊಡಕೂ ಇದೆ: 6 ಗಂಟೆಗಿಂತ ಉದ್ದದ ವಿಡಿಯೋವನ್ನು ಸ್ಟುಡಿಯೋದ ಎಡಿಟರ್‌ನಲ್ಲಿ ಕತ್ತರಿಸಲು ಬರುವುದಿಲ್ಲ.

ಹಾಗಾಗಿ ಪ್ರತಿ ಪಂದ್ಯಕ್ಕೂ ಬೇರೆ ಬೇರೆ ಲೈವ್ ಹಿಂದಿನ ದಿನವೇ ಶೆಡ್ಯೂಲ್ ಮಾಡಿಡಿ. ಶೀರ್ಷಿಕೆಯಲ್ಲಿ ತಂಡಗಳ ಹೆಸರು, ದಿನಾಂಕ, ಮೈದಾನ ಇರಲಿ. 'ಡೇ 2 ಲೈವ್' ಎಂದು ಬರೆದ ಹತ್ತು ಗಂಟೆಯ ವಿಡಿಯೋದಲ್ಲಿ ತನ್ನ ನಾಲ್ಕು ವಿಕೆಟ್ ಹುಡುಕಲು ಆ ಬೌಲರ್‌ಗೇ ತಾಳ್ಮೆ ಇರುವುದಿಲ್ಲ. ಓಬಿಎಸ್‌ನಲ್ಲಿ ರೆಕಾರ್ಡಿಂಗ್ ಕೂಡ ಆನ್ ಮಾಡಿ, ಪ್ರತಿ ಇನಿಂಗ್ಸ್ ಮುಗಿದಾಗ ಹಾರ್ಡ್ ಡಿಸ್ಕ್‌ಗೆ ಒಂದು ಪ್ರತಿ ಹಾಕಿ. ಆ ಡಿಸ್ಕ್ ಸಂಘದ ಕಪಾಟಿನಲ್ಲಿರಲಿ, ಯಾರದೋ ಮನೆಯಲ್ಲಲ್ಲ.