ಪಂಚಗಣಿಯ ಹುಡುಗನ ಹಾಡು

ಬಿಬವೇವಾಡಿಯ ನಮ್ಮ ಮನೆಯಲ್ಲಿ ಬೆಳಗಾದರೆ ಭೀಮಸೇನ ಜೋಶಿಯವರ ದಾಸವಾಣಿ. ಸಂಜೆ ಮಗನ ಕೋಣೆಯಿಂದ ಬೇರೆಯೇ ಗದ್ದಲ. ಅದರಲ್ಲೂ ಒಂದು ಹಾಡು ಮೆಲ್ಲಗೆ ಶುರುವಾಗಿ, ನಡುವೆ ಹತ್ತಾರು ಜನ ಜಗಳಕ್ಕೆ ಬಿದ್ದಂತೆ ಕೂಗಿ, ಕೊನೆಗೆ ಮತ್ತೆ ಮೆತ್ತಗಾಗುತ್ತದೆ. "ಏನೋ ಇದು, ಕಿವಿ ತೂತು ಬೀಳ್ತಾವ" ಎಂದು ಒಮ್ಮೆ ಬೈದೆ.

"ಅಮ್ಮಾ, ಇಂವ ನಮ್ಮ ಪಂಚಗಣಿಯೊಳಗ ಓದಿದಾಂವ" ಅಂದ.

ನಾನು ನಂಬಲಿಲ್ಲ. ಸ್ವಾರಗೇಟಿನಲ್ಲಿ ಎಸ್‌ಟಿ ಬಸ್ಸು ಹತ್ತಿ, ವಾಯಿ ದಾಟಿ ಪಸರಣಿ ಘಾಟ್ ಏರಿದರೆ ಸಿಗುವ ಪಂಚಗಣಿ ನಮ್ಮ ಪಾಲಿಗೆ ಸ್ಟ್ರಾಬೆರಿಯ ಊರು. ಆದರೆ ಮಾತು ನಿಜ. ಫ್ರೆಡ್ಡಿ ಮರ್ಕ್ಯುರಿ ಎಂದು ಜಗತ್ತು ಕರೆಯುವವನ ಹೆಸರು ಫರೂಖ್ ಬಲ್ಸಾರಾ. ಗುಜರಾತ್ ಮೂಲದ ಪಾರ್ಸಿ ಮನೆತನ, ಹುಟ್ಟಿದ್ದು 1946ರಲ್ಲಿ ಜಾಂಜಿಬಾರಿನಲ್ಲಿ. ಎಂಟನೆಯ ವಯಸ್ಸಿಗೆ ಸಮುದ್ರ ದಾಟಿಸಿ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಗೆ ಕಳಿಸಿದರು. 'ಫ್ರೆಡ್ಡಿ' ಎಂಬ ಹೆಸರು ಬಿದ್ದದ್ದೂ, ಗೆಳೆಯರೊಂದಿಗೆ 'ದಿ ಹೆಕ್ಟಿಕ್ಸ್' ಎಂಬ ಬ್ಯಾಂಡ್ ಕಟ್ಟಿ ಪಿಯಾನೋ ಬಾರಿಸಿದ್ದೂ ಅಲ್ಲಿಯೇ. 1964ರಲ್ಲಿ ಜಾಂಜಿಬಾರಿನ ಕ್ರಾಂತಿಗೆ ಹೆದರಿ ಮನೆಯವರೆಲ್ಲ ಇಂಗ್ಲೆಂಡ್ ಸೇರಿದರು.

ಹಾಡಿನ ಹೆಸರು 'ಬೊಹೀಮಿಯನ್ ರಾಪ್ಸಡಿ'. ವಿಮಾನ ಕಂಪನಿಯೊಂದರ ಕಾಗದದ ಮೇಲೆ ಬರೆದ ಕರಡಿನಲ್ಲಿ ಅದು 'ಮಂಗೋಲಿಯನ್ ರಾಪ್ಸಡಿ' ಆಗಿತ್ತು, ಆಮೇಲೆ ಹೊಡೆದು ಹಾಕಿದ್ದಾನೆ. ಆ ಹಾಳೆಗಳು 2023ರ ಲಂಡನ್ ಹರಾಜಿನಲ್ಲಿ 13 ಲಕ್ಷ ಪೌಂಡಿಗೂ ಮಿಕ್ಕಿ ಹೋದವು. ನಾವು ಮಕ್ಕಳ ಹಳೇ ನೋಟ್‌ಬುಕ್ ರದ್ದಿಗೆ ಹಾಕಿಬಿಡುತ್ತೇವೆ ನೋಡಿ!

1975ರಲ್ಲಿ ಕ್ವೀನ್ ತಂಡ ಇದನ್ನು ಮುದ್ರಿಸಿತು. ನಾನು ಹತ್ತಾರು ಜನ ಅಂದುಕೊಂಡಿದ್ದು ಬರೀ ಮೂರೇ ಜನ. ಫ್ರೆಡ್ಡಿ, ಬ್ರಯನ್ ಮೇ, ರೋಜರ್ ಟೇಲರ್ ಮತ್ತೆ ಮತ್ತೆ ಹಾಡಿ, ದನಿಯ ಮೇಲೆ ದನಿ ಪೇರಿಸುತ್ತ ಹೋದರು. ಆ ನಡುವಿನ ಭಾಗಕ್ಕೇ ಸುಮಾರು ಮೂರು ವಾರ ಹಿಡಿಯಿತಂತೆ. ಒಗೆದೊಗೆದು ಸವೆದ ಸೀರೆಯಂತೆ ಟೇಪು ತೆಳ್ಳಗಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟಾಗಿತ್ತು. ಹಾಡಿನ ಉದ್ದ 5 ನಿಮಿಷ 55 ಸೆಕೆಂಡು. ಇಷ್ಟುದ್ದದ್ದನ್ನು ಯಾವ ರೇಡಿಯೋ ಹಾಕುತ್ತದೆ ಎಂದು ಕಂಪನಿಯವರು ಹಿಂದೇಟು ಹಾಕಿದರು. ಆದರೆ ಲಂಡನ್ನಿನ ಕ್ಯಾಪಿಟಲ್ ರೇಡಿಯೋದ ಕೆನ್ನಿ ಎವರೆಟ್ ಒಂದೇ ವಾರಾಂತ್ಯದಲ್ಲಿ 14 ಸಲ ಹಾಕಿದ. ಕೇಳಿದವರು ಅಂಗಡಿಗೆ ಓಡಿದರು, ಡಿಸ್ಕ್ ಇನ್ನೂ ಬಂದೇ ಇರಲಿಲ್ಲ. ಅಕ್ಟೋಬರ್ ಕೊನೆಗೆ ಬಂದದ್ದು ಒಂಬತ್ತು ವಾರ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಬಿಡಲಿಲ್ಲ.

ಹಾಡಿನ ಅರ್ಥವನ್ನು ಫ್ರೆಡ್ಡಿ ಕೊನೆಯವರೆಗೂ ಬಿಡಿಸಿ ಹೇಳಲಿಲ್ಲ. ನನಗೆ ತಿಳಿದದ್ದು ಇಷ್ಟೇ: ಹುಡುಗನೊಬ್ಬ ದೊಡ್ಡ ತಪ್ಪು ಮಾಡಿ, ಅದನ್ನು ಮೊದಲು ಅಮ್ಮನಿಗೆ ಹೇಳುತ್ತಾನೆ. ಮಗ ಸಾಲು ಸಾಲಾಗಿ ಅರ್ಥ ಹೇಳಿದಾಗ ಕುಕ್ಕರ್ ಸೀಟಿ ಎಷ್ಟಾಯಿತೆಂಬುದೇ ಮರೆತುಹೋಯಿತು.

ಫ್ರೆಡ್ಡಿ 1991ರ ನವೆಂಬರ್ 24ರಂದು ಏಡ್ಸ್‌ನಿಂದ ತೀರಿಕೊಂಡ, 45 ವರ್ಷಕ್ಕೆ. ಆ ಡಿಸೆಂಬರಿನಲ್ಲಿ ಇದೇ ಹಾಡು ಮತ್ತೆ ಮೊದಲ ಸ್ಥಾನಕ್ಕೇರಿ ಐದು ವಾರ ನಿಂತಿತು. ತಾಯಿ ಜೆರ್ ಬಲ್ಸಾರಾ ಅವನಿಲ್ಲದೆ ಇನ್ನೂ 25 ವರ್ಷ ಬದುಕಿ, 2016ರಲ್ಲಿ 94ನೆಯ ವಯಸ್ಸಿಗೆ ಹೋದರು.

ಇವರ ವರ್ಗಾವಣೆಗಳ ಕಾಲದಲ್ಲಿ ನಾನೂ ಮಗನನ್ನು ಹತ್ತನೆಯ ವರ್ಷಕ್ಕೆ ವಾಯಿ ಕಡೆಯ ಒಂದು ಹಾಸ್ಟೆಲಿಗೆ ಹಾಕಿದ್ದೆ. ಆ ನಾಲ್ಕು ವರ್ಷದ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಹೋದ ಜನವರಿಯಲ್ಲಿ ಇಬ್ಬರೂ ಪಂಚಗಣಿಗೆ ಹೋಗಿದ್ದೆವು. ಸೇಂಟ್ ಪೀಟರ್ಸ್ ಗೇಟಿನ ಹೊರಗೆ ಬಹಳ ಹೊತ್ತು ನಿಂತಿದ್ದ ಮಗ ತಿರುಗದೆಯೇ ಕೇಳಿದ:

"ನನ್ನ ಬಿಟ್ಟು ಬಂದ ದಿನ ಬಸ್ಸಿನ್ಯಾಗ ಅತ್ತಿದ್ದೇನು?"

"ಕಾತ್ರಜ್ ತನಕ" ಅಂದೆ.

"ನಾನೂ ಅತ್ತಿದ್ದೆ" ಅಂದವನು ಬ್ಯಾಗು ಹೆಗಲಿಗೇರಿಸಿ, ಸ್ಟ್ರಾಬೆರಿ ಗಾಡಿಯ ಕಡೆಗೆ ನಡೆದ.