ಶೃಂಗೇರಿಯ ಅನ್ನ

ಎರಡು ದಿನದ ಬಿಡುವು ಮಾಡಿಕೊಂಡು ಹಳೆಯ ಊರೊಂದನ್ನು ನೋಡಿಬರಲು ಹೊರಡುವವರು ಸಾಮಾನ್ಯವಾಗಿ ನೋಟಕ್ಕೊಂದು, ಊಟಕ್ಕೊಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ಗುಡಿ, ಕೋಟೆ, ಶಾಸನ ಇವೆಲ್ಲ ಇತಿಹಾಸದ ಬಾಬತ್ತು. ನಡುವೆ ಹಸಿವಾದಾಗ ತಿಂದದ್ದು ದಾರಿಖರ್ಚಿನ ಬಾಬತ್ತು. ಈ ವಿಂಗಡಣೆ ಬೇರೆ ಊರುಗಳಲ್ಲಿ ನಡೆದೀತು, ಶೃಂಗೇರಿಯಲ್ಲಿ ನಡೆಯದು. ಅಲ್ಲಿ ಮಧ್ಯಾಹ್ನದ ಪಂಕ್ತಿಯಲ್ಲಿ ಬಡಿಸುವ ಅನ್ನಕ್ಕೆ ಗುಡಿಯ ಕಲ್ಲಿಗಿರುವಷ್ಟೇ ದೀರ್ಘವಾದ ಚರಿತ್ರೆಯಿದೆ. ಕೊಪ್ಪ ಮತ್ತು ನರಸಿಂಹರಾಜಪುರಗಳನ್ನೂ ಸೇರಿಸಿಕೊಂಡು ಒಂದು ಸುತ್ತು ಹಾಕಿದರೆ ಆ ಚರಿತ್ರೆ ಎಲ್ಲಿಗೆ ಬಂದು ನಿಂತಿದೆ ಎಂಬುದೂ ಕಾಣುತ್ತದೆ.

ಬೆಳಗಿನ ಬಸ್ಸಿನಲ್ಲಿ ಬಂದಿಳಿದ ಯಾತ್ರಿಕನ ದಿನಚರಿ ನಮಗೆಲ್ಲ ಪರಿಚಿತವಾದುದೇ. ಶಾರದೆಯ ದರ್ಶನ, ವಿದ್ಯಾಶಂಕರ ದೇವಾಲಯಕ್ಕೊಂದು ಪ್ರದಕ್ಷಿಣೆ, ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ, ಸೇತುವೆ ದಾಟಿ ನರಸಿಂಹವನ, ಮರಳಿ ಬಂದು ಊಟ. ಅಲ್ಲಿಂದ ಹೊರನಾಡಿಗೋ ಧರ್ಮಸ್ಥಳಕ್ಕೋ ಮುಂದಿನ ಬಸ್ಸು. ಇದರಲ್ಲಿ ತಪ್ಪೇನೂ ಇಲ್ಲ. ವಿದ್ಯಾಶಂಕರ ದೇವಾಲಯವೊಂದನ್ನೇ ನೋಡಿ ಹೋದರೂ ಬಂದ ದಾರಿ ಸಾರ್ಥಕ. ವಿದ್ಯಾತೀರ್ಥರ ಸ್ಮಾರಕವಾಗಿ 14ನೆಯ ಶತಮಾನದಲ್ಲಿ ಎದ್ದ ಈ ಕಟ್ಟಡ 1338ರದೆಂಬುದು ಸಂಪ್ರದಾಯ. ವಿದ್ವಾಂಸರಲ್ಲಿ ಕೆಲವರು ಅದನ್ನು ಒಂದೆರಡು ದಶಕ ಈಚೆಗೆ ತರುತ್ತಾರೆ. ಎತ್ತರದ ಜಗತಿ, ಎರಡೂ ಕೊನೆಗಳಲ್ಲಿ ಬಾಗಿ ಸುತ್ತುವ ಗೋಡೆ, ಆರು ಬಾಗಿಲು. ಹೊಯ್ಸಳರ ಶಿಲ್ಪಿ ಉಳಿಯನ್ನು ಕೆಳಗಿಡುವ ಮುನ್ನವೇ ವಿಜಯನಗರದ ಶಿಲ್ಪಿ ಅದನ್ನು ಕೈಗೆತ್ತಿಕೊಂಡಂತೆ ಎರಡು ಶೈಲಿಗಳೂ ಅಲ್ಲಿ ಕೂಡಿವೆ. ಮಂಟಪದ 12 ಕಂಬಗಳು 12 ರಾಶಿಗಳಿಗೆ ಸೇರಿದವು. ಸೂರ್ಯನು ಯಾವ ರಾಶಿಯಲ್ಲಿರುತ್ತಾನೋ ಆ ತಿಂಗಳು ಬೆಳಗಿನ ಕಿರಣ ಆ ರಾಶಿಯ ಕಂಬದ ಮೇಲೆ ಬೀಳುತ್ತದೆ ಎನ್ನುತ್ತಾರೆ. ಸಿಂಹದ ಬಾಯೊಳಗಿನ ಕಲ್ಲುಗುಂಡು ತಿರುಗುತ್ತದೆ, ಹೊರಗೆ ಬರುವುದಿಲ್ಲ. ದೇಗುಲದಲ್ಲಿ ಬೇರೇನನ್ನು ಮರೆತರೂ ಮಕ್ಕಳು ಇದೊಂದನ್ನು ಮರೆಯುವುದಿಲ್ಲ.

ಆದರೆ ಒಂದು ಪ್ರಶ್ನೆಯನ್ನು ಕೇಳಬೇಕು. ಇಷ್ಟು ದೊಡ್ಡ ಕಲ್ಲಿನ ಕೆಲಸ ನಡೆದದ್ದು ದಟ್ಟವಾದ ಅಡವಿಯ ನಡುವೆ, ವರ್ಷಕ್ಕೆ ಸುಮಾರು 150 ಅಂಗುಲ ಮಳೆ ಸುರಿಯುವ ಕಣಿವೆಯಲ್ಲಿ. ಕಲ್ಲು ಕಡಿದವರು, ಹೊತ್ತವರು, ಪಾಠ ಹೇಳಿದವರು, ಪಾಠ ಕೇಳಿದವರು ಇಷ್ಟು ಮಂದಿ ಏನನ್ನು ಉಂಡರು? ನಮ್ಮ ಚರಿತ್ರೆಯ ಪುಸ್ತಕಗಳು ಅಪರೂಪಕ್ಕೆ ಕೇಳುವ ಈ ಪ್ರಶ್ನೆಗೆ ಕ್ರಿ.ಶ. 1346ರ ಶೃಂಗೇರಿಯ ಶಾಸನ ಬಹುಮಟ್ಟಿಗೆ ಉತ್ತರ ಕೊಡುತ್ತದೆ. ಮೂಡಣ ಕಡಲಿನಿಂದ ಪಡುವಣ ಕಡಲಿನವರೆಗೆ ನಾಡನ್ನು ಗೆದ್ದ ಸಂತೋಷಕ್ಕಾಗಿ ಒಂದನೆಯ ಹರಿಹರನೂ ಅವನ ತಮ್ಮಂದಿರೂ ಆ ವರ್ಷ ಶೃಂಗೇರಿಗೆ ಬಂದು ವಿಜಯೋತ್ಸವ ನಡೆಸಿದರು. ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಅಲ್ಲಿ ನೆಲೆಸಿದ್ದ ಬ್ರಾಹ್ಮಣರಿಗೂ ದತ್ತಿ ಬಿಟ್ಟರು. ಅವರು ಬಿಟ್ಟದ್ದು ಊರುಗಳನ್ನು. ಊರೆಂದರೆ ಗದ್ದೆ, ಗದ್ದೆಯೆಂದರೆ ಅರಮನೆಗೆ ಸಲ್ಲಬೇಕಾಗಿದ್ದ ಭತ್ತದ ಪಾಲು ಇನ್ನು ಮುಂದೆ ಮಠದ ಕಣಜಕ್ಕೆ ಸಲ್ಲತಕ್ಕದ್ದು ಎಂದರ್ಥ. ಚಿನ್ನವನ್ನು ಕೊಟ್ಟಿದ್ದರೆ ಅದು ಒಂದು ತಲೆಮಾರಿಗೆ ಕರಗುತ್ತಿತ್ತು. ಭತ್ತ ಪ್ರತಿವರ್ಷ ಬರುತ್ತದೆ. ಹೊಸದಾಗಿ ರಾಜ್ಯ ಕಟ್ಟುತ್ತಿದ್ದ ಆ ಸೋದರರಿಗೆ ಈ ವ್ಯವಹಾರ ಚೆನ್ನಾಗಿ ತಿಳಿದಿತ್ತು. ಮುಂದೆ 1386ರಲ್ಲಿ ವಿದ್ಯಾರಣ್ಯರು ತೀರಿಕೊಂಡಾಗ ಎರಡನೆಯ ಹರಿಹರನು ಅವರ ನೆನಪಿಗೆ ವಿದ್ಯಾರಣ್ಯಪುರವೆಂಬ ಅಗ್ರಹಾರ ಮಾಡಿಸಿದ. ದತ್ತಿಯ ಮೇಲೆ ದತ್ತಿ ಕೂಡುತ್ತ ಬಂದು ಮೈಸೂರು ಸಂಸ್ಥಾನದ ಕಾಲಕ್ಕೆ ಶೃಂಗೇರಿ ಒಂದು ಜಹಗೀರೇ ಆಗಿತ್ತು.

ಇಂತಹ ದಾನಶಾಸನಗಳನ್ನು ಓದುವಾಗ ನನಗೆ ಪ್ರತಿಸಲವೂ ಒಂದು ಸಂಗತಿ ಹೊಳೆಯುತ್ತದೆ. ಕೊಟ್ಟವರ ವಂಶಾವಳಿ ಅಲ್ಲಿರುತ್ತದೆ. ಪಡೆದವರ ಗೋತ್ರ, ಸೂತ್ರಗಳಿರುತ್ತವೆ. ಎಲ್ಲೆ ಹೇಳುವಾಗ ಹಳ್ಳ, ಹುತ್ತ, ಬಂಡೆ, ಮರಗಳಿಗೂ ಜಾಗ ಸಿಗುತ್ತದೆ. ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ಸಸಿ ನೆಟ್ಟವರ ಹೆಸರು ಮಾತ್ರ ಇರುವುದಿಲ್ಲ. ಗೇಣಿ ಅಳೆದವರ ನೆನಪು ಕಲ್ಲಿನಲ್ಲಿ ಉಳಿಯಲಿಲ್ಲ. ಪಂಕ್ತಿಯಲ್ಲಿ ಕುಳಿತು ಉಣ್ಣುವ ಹಕ್ಕೂ ಅವರಿಗೆ ಬಹುಕಾಲ ಇರಲಿಲ್ಲ. ಇಂದು ಮಠದ ಭೋಜನಶಾಲೆಯಲ್ಲಿ ಬಂದ ಯಾತ್ರಿಕರೆಲ್ಲ ಕುಳಿತು ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ ಉಂಡು ಏಳುತ್ತಾರೆ. 1346ರಿಂದ ಈ ಪಂಕ್ತಿಯವರೆಗಿನ ದಾರಿ ಸಣ್ಣದಲ್ಲ.

ಶೃಂಗೇರಿಯ ಚರಿತ್ರೆ ಈ ದತ್ತಿಯಿಂದಲೇ ಆರಂಭವಾಯಿತೆಂದೂ ತಿಳಿಯಬಾರದು. ಮಠವನ್ನು ಶಂಕರಾಚಾರ್ಯರೇ ಸ್ಥಾಪಿಸಿದರೆಂಬ ಸಂಪ್ರದಾಯ ಗಾಢವಾದದ್ದು. ಶಾಸನಗಳ ಸಾಕ್ಷ್ಯ ಗಟ್ಟಿಯಾಗುವುದು ಮಾತ್ರ 14ನೆಯ ಶತಮಾನದಲ್ಲಿ. ಅದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ, ಅಂದರೆ ಕ್ರಿ.ಶ. 1150ರ ಹೊತ್ತಿಗೆ, ಊರಿನ ನಡುವೆ ಪಾರ್ಶ್ವನಾಥ ಬಸದಿ ಎದ್ದಿತ್ತು. ಮಾರಿಸೆಟ್ಟಿಯೆಂಬ ವರ್ತಕನೊಬ್ಬನ ನೆನಪಿಗೆ ಕಟ್ಟಿಸಿದ್ದದು. ಘಟ್ಟದ ಮೇಲಿನ ಮೆಣಸು, ಅಡಿಕೆಗಳು ಎತ್ತಿನ ಹೇರಿನಲ್ಲಿ ಕರಾವಳಿಗೆ ಇಳಿಯುತ್ತಿದ್ದ ಕಾಲ. ಸೆಟ್ಟಿಗಳು ಇಲ್ಲಿ ನೆಲೆಸಿದ್ದರೆ ಆಶ್ಚರ್ಯವಿಲ್ಲ. ಬಸದಿ ಪೇಟೆಯ ಮಧ್ಯದಲ್ಲೇ ಇದ್ದರೂ ಒಳಗೆ ಹೋಗಿ ಬರುವ ಪ್ರವಾಸಿಗರು ಕಡಿಮೆ. ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರು ಹತ್ತು ಕಿಲೋಮೀಟರು ದೂರದ ಕಿಗ್ಗಕ್ಕೆ ಹೋಗಬೇಕು. ಅಲ್ಲಿ ಆಳುಪ ಅರಸರ ಕಾಲದ ಶಾಸನಗಳಿವೆ, ಋಷ್ಯಶೃಂಗನ ಗುಡಿಯಿದೆ. ಶೃಂಗೇರಿ ಎಂಬ ಹೆಸರೇ ಋಷ್ಯಶೃಂಗಗಿರಿಯಿಂದ ಬಂದದ್ದೆಂದು ಪ್ರತೀತಿ. ಅಂಗದೇಶಕ್ಕೆ ಮಳೆ ತಂದ ಆ ಋಷಿಗೆ ಇಲ್ಲಿಯೂ ಅದೇ ಕೆಲಸ: ಮಳೆ ಬಾರದಿದ್ದರೂ ಪೂಜೆ, ಬಂದ ಮಳೆ ನಿಲ್ಲದಿದ್ದರೂ ಪೂಜೆ. ಭತ್ತವನ್ನೇ ನಂಬಿದ ನಾಡಿಗೆ ಇದಕ್ಕಿಂತ ತಕ್ಕ ದೇವರು ಬೇರೆ ಬೇಕೆ?

ಕಣಜ ತುಂಬಿದ್ದಲ್ಲಿ ಕೊಳ್ಳೆಗೂ ಆಹ್ವಾನವಿರುತ್ತದೆ. 1791ರಲ್ಲಿ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರಿಗೂ ಮೂರನೆಯ ಮೈಸೂರು ಯುದ್ಧ ನಡೆಯುತ್ತಿದ್ದಾಗ, ಇಂಗ್ಲಿಷರ ಪಕ್ಷದಲ್ಲಿದ್ದ ಮರಾಠರ ಪರಶುರಾಮಭಾವುವಿನ ಸೈನ್ಯದ ಒಂದು ತುಕಡಿ ಶೃಂಗೇರಿಯ ಮೇಲೆ ಬಿತ್ತು. ಜನ ಸತ್ತರು, ಮಠದ ಸೊತ್ತೆಲ್ಲ ಹೋಯಿತು, ಶಾರದೆಯ ವಿಗ್ರಹವನ್ನೂ ಪೀಠದಿಂದ ಕಿತ್ತರು. ಆಗಿನ ಸ್ವಾಮಿಗಳು ಘಟ್ಟ ಇಳಿದು ಕಾರ್ಕಳದಲ್ಲಿ ಉಳಿಯಬೇಕಾಯಿತು. ಅವರು ಬರೆದುಕೊಂಡದ್ದು ಟಿಪ್ಪುವಿಗೆ. ಅವನು ಕನ್ನಡದಲ್ಲಿ ಬರೆಸಿದ ಉತ್ತರಗಳು ಮಠದ ಕಡತಗಳಲ್ಲಿ ಉಳಿದಿದ್ದವು. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಶಾರದೆಯನ್ನು ಮತ್ತೆ ಪ್ರತಿಷ್ಠಿಸುವ ಸಲುವಾಗಿ ನಗರದ ಆಸಫನು 200 ರಾಹತಿ ನಗದನ್ನೂ 200 ರಾಹತಿ ಬೆಲೆಯ ಧಾನ್ಯವನ್ನೂ ಕೊಡತಕ್ಕದ್ದೆಂದು ಅಪ್ಪಣೆಯಾಯಿತು. ನಾಡಿನ ಕ್ಷೇಮಕ್ಕೆಂದು ಚಂಡೀಜಪಗಳನ್ನು ನಡೆಸುವಂತೆಯೂ, ಅದು ನಡೆಯುವಷ್ಟು ದಿನ ದಿನಕ್ಕೆ ಸಾವಿರ ಮಂದಿ ಬ್ರಾಹ್ಮಣರಿಗೆ ಭೋಜನ ಮಾಡಿಸುವಂತೆಯೂ ಸುಲ್ತಾನ ಬರೆದ.

ಈ ಪತ್ರಗಳನ್ನು ಹಿಡಿದುಕೊಂಡು ಟಿಪ್ಪುವಿನ ಪರವಾಗಿಯೂ ವಿರುದ್ಧವಾಗಿಯೂ ವಾದಿಸುವವರು ಬೇಕಾದಷ್ಟಿದ್ದಾರೆ. ಭಕ್ತಿಯೋ ರಾಜಕಾರಣವೋ ಎಂದು ತೂಗುತ್ತಾರೆ. ಒಬ್ಬ ದೊರೆಯಲ್ಲಿ, ಅದರಲ್ಲೂ ಶತ್ರುಗಳು ನಾಲ್ಕು ಕಡೆಯಿಂದ ಮುತ್ತಿರುವ ದೊರೆಯಲ್ಲಿ, ಇವೆರಡನ್ನು ಬೇರ್ಪಡಿಸುವ ತಕ್ಕಡಿ ಯಾರ ಬಳಿಯೂ ಇರಲಾರದೆಂದು ನನ್ನ ಎಣಿಕೆ. ನನಗೆ ಹೆಚ್ಚು ಅರ್ಥವುಳ್ಳದ್ದಾಗಿ ತೋರುವುದು ಆ ಧಾನ್ಯದ ಮಾತು. ಕೊಳ್ಳೆ ಹೋದ ಕ್ಷೇತ್ರ ಮತ್ತೆ ಜೀವ ಹಿಡಿಯಬೇಕಾದರೆ ಮೊದಲು ಒಲೆ ಉರಿಯಬೇಕು ಎಂಬುದು ಹರಿಹರನಿಗೆ ತಿಳಿದಿದ್ದಂತೆ ಟಿಪ್ಪುವಿಗೂ ತಿಳಿದಿತ್ತು. ದೇವಿಗೆ ಪೀಠ, ಅದರ ಜೊತೆಗೇ ಅಕ್ಕಿ.

ಶೃಂಗೇರಿಯಿಂದ ಕೊಪ್ಪಕ್ಕೆ ಹರಿಹರಪುರದ ಮೇಲೆ ಸುಮಾರು ಮೂವತ್ತು ಕಿಲೋಮೀಟರು. ಕೊಪ್ಪದಲ್ಲಿ ಕಣ್ಣು ಸೆಳೆಯುವ ದೊಡ್ಡ ಕಟ್ಟಡಗಳಿಲ್ಲ. ಹತ್ತಿರದ ಕೆಸವೆಯಲ್ಲಿ ಕಮಂಡಲ ಗಣಪತಿಯ ಎದುರು ಉಕ್ಕುವ ಚಿಲುಮೆಯೊಂದಿದೆ. ಇತಿಹಾಸಕ್ಕಿಂತ ಊಟವನ್ನು ಮುಂದಿಟ್ಟುಕೊಂಡು ಬರಬೇಕಾದ ಊರಿದು. ಮಳೆಗಾಲದಲ್ಲಿ ಬಂದರೆ ಕೆಸುವಿನೆಲೆಯ ಪತ್ರೊಡೆ, ಕಳಲೆಯ ಪಲ್ಯ. ಬೇಸಿಗೆಯಲ್ಲಿ ಅಪ್ಪೆಮಿಡಿಯ ಉಪ್ಪಿನಕಾಯಿ, ಒಂದೆಲಗದ ತಂಬುಳಿ, ಹಲಸಿನ ಹಣ್ಣಿನ ಕಡುಬು. ಎಲ್ಲ ಕಾಲಕ್ಕೂ ಅಕ್ಕಿರೊಟ್ಟಿ, ಒತ್ತುಶಾವಿಗೆ, ಜೋನಿಬೆಲ್ಲ. ಇವುಗಳಲ್ಲಿ ಬಹುಪಾಲು ಅಕ್ಕಿಯ ರೂಪಾಂತರಗಳು ಅಥವಾ ಅನ್ನಕ್ಕೆ ಜೊತೆಗಾರರು. ಮಠದ ಸಾತ್ವಿಕ ಪಂಕ್ತಿಯನ್ನೇ ಮಲೆನಾಡಿನ ಊಟವೆಂದು ತಿಳಿದು ಮರಳುವವರು ಅರ್ಧ ಮಲೆನಾಡನ್ನಷ್ಟೇ ಕಂಡವರು. ಒಕ್ಕಲಿಗರ ಮನೆಯ ಬಿಸಿ ಕಡುಬು ಮತ್ತು ಕೋಳಿಸಾರು, ಹಳ್ಳದ ಏಡಿ, ಹೊಳೆಯ ಮೀನು ಇವಕ್ಕೆ ಶಾಸನಗಳಿಲ್ಲ, ಆದರೆ ಸಾಹಿತ್ಯದ ಬೆಂಬಲವಿದೆ. ಕುವೆಂಪು ಅವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಅದು ಇದೇ ಕೊಪ್ಪ ತಾಲ್ಲೂಕಿನ ಹಳ್ಳಿ. ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಇಲ್ಲಿನ ಅಡುಗೆಮನೆಯ ಹೊಗೆಯೂ, ಆ ಹೊಗೆಯ ಆಚೆ ಅಂಗಳದಲ್ಲಿ ನಿಂತೇ ಕಾಯುತ್ತಿದ್ದ ಆಳುಮಕ್ಕಳೂ ಹೊಸಬರಲ್ಲ.

ಕಾಯುತ್ತಿದ್ದವರ ಪಾಡು ಬದಲಾದದ್ದು ಕಾನೂನಿನಿಂದ. 1955ರ ಶಾಸನ ಧಾರ್ಮಿಕ ಇನಾಮುಗಳನ್ನು ರದ್ದುಮಾಡಿತು. 1974ರ ಭೂಸುಧಾರಣಾ ತಿದ್ದುಪಡಿ ಉಳುವವನನ್ನೇ ನೆಲದ ಒಡೆಯನನ್ನಾಗಿ ಮಾಡಿತು. ಆರುನೂರು ವರ್ಷ ಗೇಣಿ ಅಳೆದ ಗದ್ದೆ ಕೊನೆಗೆ ಅಳೆದವನದಾಯಿತು. ಆಮೇಲಿನ ಕಥೆ ಯಾರೂ ಎಣಿಸಿದಂತೆ ನಡೆಯಲಿಲ್ಲ. ಭತ್ತಕ್ಕೆ ಆಳು ಹೆಚ್ಚು, ಬೆಲೆ ಕಡಿಮೆ. ಅಡಿಕೆಗೆ ಬೆಲೆ ಹೆಚ್ಚು. ಕಣಿವೆಯ ಗದ್ದೆಗಳಿಗೆ ಕಾಲುವೆ ತೋಡಿ, ಮಣ್ಣು ಏರಿಸಿ ಅಡಿಕೆ ಸಸಿ ಇಟ್ಟವರನ್ನು ತಪ್ಪುಗಾರರೆನ್ನುವ ಧೈರ್ಯ ಪಟ್ಟಣದಲ್ಲಿ ಕುಳಿತವರಿಗೆ ಬರಬಾರದು. ಆದರೆ ಅಡಿಕೆ ಮರಕ್ಕೂ ನೆಮ್ಮದಿಯಿಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ಸುಡುತ್ತಿದೆ. ಮರ ಮೇಲಿನಿಂದ ಹಳದಿಗಟ್ಟಿ, ಫಸಲು ಇಳಿದು, ನಿಂತಲ್ಲೇ ಸೊರಗುತ್ತದೆ. ಮದ್ದು ಸಿಕ್ಕಿಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಆ ಹಳದಿ ಸಂಜೆ ಬಿಸಿಲಿನ ಬಣ್ಣದಂತೆ ತೋರೀತು.

ಕೊಪ್ಪದಿಂದ ಪೂರ್ವಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರು ಹೋದರೆ ತುಂಗೆಯ ಸೀಮೆ ಮುಗಿದು ಭದ್ರೆಯ ಸೀಮೆ ಬರುತ್ತದೆ. ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಭೇಟಿಯ ನೆನಪಿಗೆ 1915ರಲ್ಲಿ ಈಗಿನ ಹೆಸರಾಯಿತು. ಹೆಸರು ಹೊಸದಾದರೂ ಊರು ಹಳೆಯದು: ಗಂಗರ ಶ್ರೀಪುರುಷನ ಕಾಲದ ತಾಮ್ರಶಾಸನ ಇಲ್ಲಿ ದೊರೆತಿದೆ. ಸಿಂಹನಗದ್ದೆಯ ಬಸದಿಯಲ್ಲಿರುವ ಜ್ವಾಲಾಮಾಲಿನಿಯನ್ನು ಗೇರುಸೊಪ್ಪೆಯಿಂದ ತಂದರೆಂದು ಪ್ರತೀತಿ. ಗದ್ದೆಯೆಂಬ ಮಾತು ಆ ಕ್ಷೇತ್ರದ ಹೆಸರಿನಲ್ಲೇ ಇದೆ. ಮಲೇರಿಯಾ ಜ್ವರ ಮಲೆನಾಡನ್ನು ಬರಿದುಮಾಡುತ್ತಿದ್ದ ಕಾಲದಲ್ಲಿ ತರೀಕೆರೆಯಿಂದ ಇಲ್ಲಿಗೆ ಕಾಡಿನ ಮರ ಸಾಗಿಸಲೆಂದು ಕಿರಿದಾದ ಹಳಿಯ ಟ್ರಾಮೊಂದು ಬಂದಿತ್ತು. ಅದು ಈಗಿಲ್ಲ. ಕಳೆದ ಶತಮಾನದ ನಡುವಿನಿಂದ ಕೇರಳದ ಕುಟುಂಬಗಳು ಬಂದು ನೆಲೆಸಿದವು. ರಬ್ಬರ್ ತೋಟ, ಚರ್ಚು, ಮರಗೆಣಸು ಮತ್ತು ಮೀನಿನ ಊಟ ಅವರೊಡನೆ ಬಂದುವು. ಕಡುಬಿನ ನಾಡಿನಲ್ಲಿ ಮರಗೆಣಸು ಈಗ ಪರಕೀಯವಲ್ಲ.

ಊರಿನ ಅಂಚಿಗೆ ಬಂದರೆ ಭದ್ರಾ ಜಲಾಶಯದ ಹಿನ್ನೀರು. ಲಕ್ಕವಳ್ಳಿಯಲ್ಲಿ ಸ್ವಾತಂತ್ರ್ಯದ ಹೊತ್ತಿಗೆ ಕೆಲಸ ಆರಂಭವಾಗಿ 1960ರ ದಶಕದಲ್ಲಿ ಮುಗಿದ ಅಣೆಕಟ್ಟು ಭದ್ರೆಯನ್ನು ಇಲ್ಲಿಯವರೆಗೆ ಹಿಂದಕ್ಕೆ ತುಂಬಿಸಿದೆ. ಸಂಜೆ ಹೊತ್ತು ಈ ನೀರನ್ನು ನೋಡಲು ಬರುವವರು ಬಹಳ, ನೋಟ ಮನೋಹರವಾದದ್ದೇ. ಆ ನೀರಿನಡಿ ಹಳ್ಳಿಗಳಿದ್ದವು, ಗದ್ದೆಗಳಿದ್ದವು. ಅಲ್ಲಿಂದ ಹೊರಟ ನೀರು ಕಾಲುವೆ ಹಿಡಿದು ಬಯಲುಸೀಮೆಗೆ ಇಳಿದು ದಾವಣಗೆರೆಯ ಸುತ್ತ ಎರಡು ಬೆಳೆ ಭತ್ತ ಬೆಳೆಸುತ್ತದೆ. ಗಿರಣಿಯಲ್ಲಿ ಅಕ್ಕಿಯಾದ ಆ ಭತ್ತ ಲಾರಿಯೇರಿ ಘಟ್ಟದ ತಪ್ಪಲಿನ ಪೇಟೆಗಳಿಗೆ ಬರುತ್ತದೆ. ಗದ್ದೆಯನ್ನು ತೋಟ ಮಾಡಿದ ಮನೆಗಳು ಅದನ್ನು ಮೂಟೆಯ ಲೆಕ್ಕದಲ್ಲಿ ಕೊಂಡು ಕಡುಬು ಮಾಡುತ್ತವೆ, ಕೊಪ್ಪದ ಹೋಟೆಲಿನವರು ರೊಟ್ಟಿ ತಟ್ಟುತ್ತಾರೆ.